‘ಕತ್ತರಿ ಹಾಕಲ್ಲ’ ಅಂತ ಶುರು ಮಾಡಿದ ನನ್ನ ವಿಡಿಯೋ ಡೈರೆಕ್ಟರಿಯಲ್ಲಿ ಏನಾಯ್ತು: ಇಂಥ ಸೈಟ್ ನಡೆಸುವವರು ದಯವಿಟ್ಟು ಓದಿ

2023ರ ನವೆಂಬರ್. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಇನ್ನೂ ಎರಡು ವಾರ ಇತ್ತು. ಗೋಣಿಕೊಪ್ಪದ ನನ್ನ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಕೆಲಸ ಮಾಡುತ್ತಾ ಕೂತಿದ್ದೆ. ಹತ್ತಿರದ ಹಳ್ಳಿಯ ಶಾಲೆಯ ಟೀಚರ್ ಒಬ್ಬರು ಫೋನ್ ಮಾಡಿದರು. ದನಿ ನಡುಗುತ್ತಿತ್ತು.

"ಅಣ್ಣಾ, ನಿಮ್ಮ ಸೈಟಿನಲ್ಲಿ ಹುತ್ತರಿ ಕೋಲಾಟ ಅಂತ ಇತ್ತಲ್ಲ, ಮಕ್ಕಳಿಗೆ ಹೆಜ್ಜೆ ತೋರಿಸೋಣ ಅಂತ ಕ್ಲಾಸಿನ ಟಿವಿಯಲ್ಲಿ ಒತ್ತಿದೆ. ಏನು ಬಂತು ಅಂತ ನನ್ನ ಬಾಯಲ್ಲಿ ಹೇಳೋಕಾಗಲ್ಲ. ನೀವೇ ನೋಡಿ."

ನೋಡಿದೆ. ನನ್ನ ಸೈಟ್ ಅಂದರೆ ಬೇರೆ ಕಡೆ ಇರುವ ವಿಡಿಯೋಗಳಿಗೆ ಲಿಂಕ್ ಕೊಡುವ ಪಟ್ಟಿ. ಅದರಲ್ಲಿ ಚಿತ್ರ ಮೊದಲಿನದೇ ಇತ್ತು: ಬಿಳಿ ಕುಪ್ಪಸ ತೊಟ್ಟವರು ಕೋಲು ಹಿಡಿದು ಮಂದ್‌ನಲ್ಲಿ, ಅಂದರೆ ಊರಿನ ಬಯಲಿನಲ್ಲಿ, ಕುಣಿಯುತ್ತಿದ್ದರು. ಕೆಳಗೆ ‘ಹುತ್ತರಿ ಕೋಲಾಟ’ ಅಂತಲೇ ಬರೆದಿತ್ತು. ಒತ್ತಿದರೆ ಅಶ್ಲೀಲ ಸೈಟ್ ತೆರೆದುಕೊಳ್ಳುತ್ತಿತ್ತು. ಏಳನೇ ಕ್ಲಾಸಿನ ಮೂವತ್ತು ಮಕ್ಕಳು ಅದನ್ನು ನೋಡಿದ್ದರು. ಟಿವಿ ಆಫ್ ಮಾಡಲು ಆ ಟೀಚರ್‌ಗೆ ರಿಮೋಟ್ ಸಿಕ್ಕಿರಲಿಲ್ಲ. ಕೊನೆಗೆ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿದರಂತೆ.

ಆಗಿದ್ದು ಇಷ್ಟು. ಆ ವಿಡಿಯೋ ಯಾರದ್ದೋ ಹಳೇ ಸ್ವಂತ ಸೈಟಿನಲ್ಲಿತ್ತು. ಅವರು ಸೈಟಿನ ಹೆಸರನ್ನು, ಅಂದರೆ ಡೊಮೇನನ್ನು, ನವೀಕರಿಸಲಿಲ್ಲ. ಅವಧಿ ಮುಗಿದ ಹೆಸರನ್ನು ಬೇರೆ ಯಾರೋ ಕೊಂಡು ಅಲ್ಲಿ ತಮ್ಮ ದಂಧೆ ಇಟ್ಟರು. ಹೀಗೆ ಮಾಡುವವರು ತುಂಬಾ ಜನ ಇದ್ದಾರೆ. ಹಳೇ ಹೆಸರಿಗೆ ಬೇರೆ ಸೈಟುಗಳಿಂದ ಲಿಂಕ್ ಇರುತ್ತದೆ, ಜನ ತಾವಾಗಿಯೇ ಬರುತ್ತಾರೆ, ಅದಕ್ಕೇ ಕೊಳ್ಳುವುದು. ನಾನು ಆ ಲಿಂಕನ್ನು 2021ರಲ್ಲಿ ಸೇರಿಸಿದ್ದೆ. ಅವತ್ತು ಒಮ್ಮೆ ನೋಡಿದ್ದು ಬಿಟ್ಟರೆ ಮತ್ತೆ ಒತ್ತಿ ನೋಡಿರಲಿಲ್ಲ.

ಈ ಡೈರೆಕ್ಟರಿ ಯಾಕೆ ಮಾಡಿದೆ ಅಂತ ಸ್ವಲ್ಪ ಹೇಳಬೇಕು. ಲಾಕ್‌ಡೌನ್‌ನಲ್ಲಿ ಮದುವೆಗಳು ನಿಂತವು. ಕೈಯಲ್ಲಿ ಸಮಯ ಇತ್ತು. ಕೊಡಗಿನ ವಿಡಿಯೋಗಳೆಲ್ಲ ಅಲ್ಲಲ್ಲಿ ಚೆದುರಿಹೋಗಿದ್ದವು. ತಲಕಾವೇರಿಯ ತೀರ್ಥೋದ್ಭವ, ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್, ಕಾಫಿ ಒಣಗಿಸುವ ಕೆಲಸ, ಕರಿಮೆಣಸು ಕೊಯ್ಯುವುದು, ಆನೆ ಓಡಿಸುವುದು, ಎಲ್ಲದಕ್ಕೂ ಒಂದೇ ಕಡೆ ಲಿಂಕ್ ಇಟ್ಟೆ. ಯಾರು ಬೇಕಾದರೂ ಸೇರಿಸಬಹುದಿತ್ತು. ಸೇರಿಸಿದ ತಕ್ಷಣ ಕಾಣುತ್ತಿತ್ತು. ಮುಖಪುಟದಲ್ಲಿ ‘ಇಲ್ಲಿ ಸೆನ್ಸಾರ್ ಇಲ್ಲ’ ಅಂತ ದೊಡ್ಡದಾಗಿ ಬರೆದಿದ್ದೆ. ಇವತ್ತಿಗೂ ಆ ಮಾತಿನಲ್ಲಿ ನನಗೆ ನಂಬಿಕೆ ಇದೆ. ಆದರೆ ಅದಕ್ಕೆ ಎಷ್ಟು ಕೆಲಸ ಹಿಡಿಯುತ್ತದೆ ಅಂತ ಆಗ ಗೊತ್ತಿರಲಿಲ್ಲ. ಸೆನ್ಸಾರ್ ಇಲ್ಲ ಅಂದರೆ ನಾನು ಏನೂ ನೋಡಬೇಕಾಗಿಲ್ಲ ಅಂತ ಅಂದುಕೊಂಡಿದ್ದೆ.

ಟೀಚರ್ ಫೋನ್ ಬಂದ ರಾತ್ರಿ ಹೆದರಿಕೆಯಲ್ಲಿ ಮೊದಲ ತಪ್ಪು ಮಾಡಿದೆ. ಪದಗಳನ್ನು ಹಿಡಿಯುವ ಫಿಲ್ಟರ್ ಹಾಕಿದೆ. ಇಂಗ್ಲಿಷಿನ ಕೆಟ್ಟ ಪದಗಳ ಪಟ್ಟಿ ಇಂಟರ್‌ನೆಟ್‌ನಲ್ಲಿ ಸುಮ್ನೆ ಸಿಗುತ್ತದೆ. ಅದಕ್ಕೆ ಕನ್ನಡದ ನಲವತ್ತೈವತ್ತು ಪದ ನಾನೇ ಸೇರಿಸಿದೆ. ಹೆಸರಿನಲ್ಲೋ ವಿವರಣೆಯಲ್ಲೋ ಆ ಅಕ್ಷರಗಳು ಸಿಕ್ಕರೆ ಅಳಿಸಿಬಿಡು ಅಂತ ಹೇಳಿ ಮಲಗಿದೆ. ಬ್ಯಾಕಪ್ ತೆಗೆದುಕೊಳ್ಳಲಿಲ್ಲ.

ಬೆಳಿಗ್ಗೆ ನೋಡಿದರೆ ನೂರಕ್ಕೂ ಜಾಸ್ತಿ ಲಿಂಕ್ ಇಲ್ಲ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ವಿಡಿಯೋಗಳು ಪೂರ್ತಿ ಹೋಗಿದ್ದವು. ಇಂಗ್ಲಿಷಿನಲ್ಲಿ ‘ಶಾಟ್’ ಅಂತ ಬರೆದರೆ ಅದರೊಳಗೆ ‘ಹಾಟ್’ ಅನ್ನುವ ಮೂರು ಅಕ್ಷರ ಇರುತ್ತವೆ. ನವಿಲುಗಳು ಹೋಗಿದ್ದವು, ಅದರ ಇಂಗ್ಲಿಷ್ ಹೆಸರಿನ ಕೊನೆಯ ನಾಲ್ಕು ಅಕ್ಷರಗಳಿಂದಾಗಿ. ಸ್ತನ ಕ್ಯಾನ್ಸರ್ ಗಂಟು ಮುಟ್ಟಿ ನೋಡಿಕೊಳ್ಳುವುದನ್ನು ವೈದ್ಯೆಯೊಬ್ಬರು ಹೇಳಿಕೊಟ್ಟಿದ್ದು ಹೋಗಿತ್ತು. ಇದು ಹಳೇ ರೋಗ. 1996ರಲ್ಲೇ ಇಂಗ್ಲೆಂಡಿನ ಸ್ಕನ್‌ಥೋರ್ಪ್ ಊರಿನವರಿಗೆ ತಮ್ಮ ಊರ ಹೆಸರಿನ ನಡುವೆ ಅಡಗಿದ ನಾಲ್ಕು ಅಕ್ಷರಗಳಿಂದ ಎಒಎಲ್ ಅನ್ನುವ ಇಂಟರ್‌ನೆಟ್ ಕಂಪನಿಯಲ್ಲಿ ಖಾತೆ ತೆರೆಯಲು ಆಗಿರಲಿಲ್ಲ. ಇಷ್ಟು ವರ್ಷ ಆದ ಮೇಲೂ ನಾನು ಅದೇ ಹಳ್ಳಕ್ಕೆ ಬಿದ್ದೆ.

ಎಲ್ಲಕ್ಕಿಂತ ಬೇಜಾರಾಗಿದ್ದು ಕುಂಡೆ ಹಬ್ಬದ ವಿಡಿಯೋಗಳು ಹೋಗಿದ್ದಕ್ಕೆ. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ತಿತಿಮತಿ ಹತ್ತಿರದ ದೇವರಪುರದಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ನಡೆಯುವ ಹಬ್ಬ ಅದು. ಜೇನು ಕುರುಬರು, ಬೆಟ್ಟ ಕುರುಬರು, ಯರವರು ವೇಷ ಹಾಕಿ, ಡಬ್ಬ ಬಡಿಯುತ್ತಾ, ಎದುರಿಗೆ ಸಿಕ್ಕವರನ್ನೆಲ್ಲ ಬೈಯುತ್ತಾ ದುಡ್ಡು ಕೇಳುತ್ತಾರೆ. ಬೇಟೆಗೆ ಜೊತೆಯಲ್ಲಿ ಬಂದ ಅಯ್ಯಪ್ಪ ತಮ್ಮನ್ನು ಕಾಡಿನಲ್ಲೇ ಬಿಟ್ಟು ಭದ್ರಕಾಳಿಯ ಹಿಂದೆ ಹೋದ ಅನ್ನುವ ಸಿಟ್ಟು ಅವರದ್ದು. ಅದಕ್ಕೇ ದೇವರಿಗೂ ಬೈಗುಳ. ಸಂಜೆ ದೇವಸ್ಥಾನದಲ್ಲಿ ಹರಕೆ ಒಪ್ಪಿಸಿ ತಪ್ಪಾಯ್ತು ಅಂತ ಬೇಡಿಕೊಳ್ಳುತ್ತಾರೆ. ಹಬ್ಬದ ಹೆಸರೇ ನನ್ನ ಕೆಟ್ಟ ಪದಗಳ ಪಟ್ಟಿಯಲ್ಲಿತ್ತು. ವರ್ಷಕ್ಕೊಮ್ಮೆ ಬಾಯಿಬಿಟ್ಟು ಬೈಯುವ ಹಕ್ಕು ಇರುವ ಜನರ ಹಬ್ಬವನ್ನು ನಾನು ಒಂದೇ ರಾತ್ರಿಯಲ್ಲಿ ಒರೆಸಿಹಾಕಿದ್ದೆ.

ಇನ್ನು ಶಾಲೆಯಲ್ಲಿ ತೆರೆದುಕೊಂಡ ಆ ಲಿಂಕ್? ಅದು ಹಾಗೇ ಇತ್ತು. ಅದರ ಹೆಸರು ‘ಹುತ್ತರಿ ಕೋಲಾಟ’ ಅಲ್ವಾ, ಫಿಲ್ಟರ್‌ಗೆ ಅದರಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ನಾನೇ ಕೈಯಾರೆ ತೆಗೆದೆ.

ಎರಡನೇ ತಪ್ಪು ಜನವರಿಯಲ್ಲಿ. ಫಿಲ್ಟರ್ ತೆಗೆದುಹಾಕಿ, ಅಳಿಸಿಹೋದ ಲಿಂಕುಗಳಲ್ಲಿ ಸಿಕ್ಕಷ್ಟನ್ನು ಹುಡುಕಿ ಮತ್ತೆ ಸೇರಿಸಿ, ಅನುಮಾನ ಬಂದದ್ದನ್ನೆಲ್ಲ ‘18+’ ಅನ್ನುವ ಒಂದೇ ವಿಭಾಗಕ್ಕೆ ತಳ್ಳಿದೆ. ಬಾಗಿಲಲ್ಲಿ ‘ನಿಮಗೆ ಹದಿನೆಂಟು ಆಗಿದೆಯೇ?’ ಅಂತ ಕೇಳುವ ಗುಂಡಿ. ಹೌದು ಅಂತ ಒತ್ತಿದರೆ ಒಳಗೆ. ಎದೆಹಾಲು ಕುಡಿಸುವುದನ್ನು ತೋರಿಸಿದ ನರ್ಸ್ ಅಕ್ಕನ ವಿಡಿಯೋ, ಹಸು ಕರು ಹಾಕುವ ವಿಡಿಯೋ, ಕುಂಡೆ ಹಬ್ಬ, ಜೊತೆಗೆ ಯಾರ್‍ಯಾರೋ ತಂದು ಹಾಕಿದ ಅಶ್ಲೀಲ ಲಿಂಕುಗಳು, ಎಲ್ಲ ಒಂದೇ ಸಾಲಿನಲ್ಲಿ. ನರ್ಸ್ ಅಕ್ಕ ಫೋನ್ ಮಾಡಿ ಒಂದೇ ಮಾತು ಕೇಳಿದರು: "ನನ್ನ ವಿಡಿಯೋ ಎಲ್ಲಿಟ್ಟಿದ್ದೀರಿ ಅಂತ ನೀವು ಒಮ್ಮೆ ನೋಡಿದ್ದೀರಾ?" ಅವರು ಹೇಳಿದ ಮೇಲೆ ಅವರದನ್ನು ಹೊರಗೆ ತಂದೆ. ವಿಭಾಗ ಮಾತ್ರ ಹಾಗೇ ಬಿಟ್ಟೆ.

ಆ ವಿಭಾಗ ಇದೆ ಅಂತ ಗೊತ್ತಾಗುತ್ತಿದ್ದಂತೆ ಅಂಥ ಲಿಂಕುಗಳು ದಿನಾ ಬರತೊಡಗಿದವು. ಹುಡುಕಿದರೆ ನನ್ನ ಸೈಟ್ ಸಿಗುವುದೂ ಕಡಿಮೆಯಾಯಿತು. ವಯಸ್ಕರ ವಿಡಿಯೋ ಪುಟಗಳಿಗೆ ರೇಟಿಂಗ್ ಟ್ಯಾಗ್ ಹಾಕಿ, ಅವನ್ನು ಬೇರೆ ಸಬ್‌ಡೊಮೇನ್‌ನಲ್ಲಿ ಇಡಿ ಅಂತ ಗೂಗಲ್ ತನ್ನ ಸೂಚನೆಗಳಲ್ಲೇ ಹೇಳಿದೆ. ಬೆರೆಸಿಟ್ಟರೆ ಹುಡುಕಾಟದಲ್ಲಿ ಅಶ್ಲೀಲದ್ದನ್ನು ಮರೆಮಾಡುವ ಗೂಗಲ್‌ನ ಸೇಫ್‌ಸರ್ಚ್ ಇಡೀ ಸೈಟನ್ನೇ ಆ ಲೆಕ್ಕಕ್ಕೆ ಸೇರಿಸಬಹುದು. ನಾನು ಓದಿರಲಿಲ್ಲ. ಕಾಫಿ ಬೋರರ್ ಹುಳದ ಬಗ್ಗೆ ಹುಡುಕುವ ಬೆಳೆಗಾರರಿಗೆ ನನ್ನ ಪಟ್ಟಿ ಕಾಣದಂತಾಯಿತು.

ಇದೆಲ್ಲ ಸರಿಮಾಡಬಹುದಾದ ತಪ್ಪು. ಮುಂದಿನದ್ದು ಹಾಗಲ್ಲ.

2024ರ ಜುಲೈ. ಮಳೆ ಹೇಗಿತ್ತು ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಮರ ಬಿದ್ದು ಲೈನ್ ತುಂಡಾಗಿ ನಮ್ಮ ಕಡೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಮೊಬೈಲ್ ಟವರೂ ಸತ್ತಿತ್ತು. ಐದನೇ ದಿನ ಫೋನ್‌ಗೆ ಸಿಗ್ನಲ್ ಬಂದಾಗ ಮೊದಲು ಬಂದ ಕರೆ ಬೇರೆ ಊರಿನ ಒಬ್ಬ ಹುಡುಗಿಯದ್ದು. ಸ್ಟುಡಿಯೋ ನಂಬರ್ ಹುಡುಕಿ ಮಾಡಿದ್ದರು.

"ಸರ್, ನಾಲ್ಕು ದಿನದಿಂದ ಮೇಲ್ ಮಾಡ್ತಾ ಇದ್ದೀನಿ. ನಿಮ್ಮ 18+ ಪುಟದಲ್ಲಿರೋ ಆ ವಿಡಿಯೋ ನಂದು. ನಂಗೆ ಗೊತ್ತಿಲ್ದೆ ತೆಗೆದಿದ್ದು."

ಹೋಂಸ್ಟೇ ಕೋಣೆಯೊಂದರಲ್ಲಿ ಬಚ್ಚಿಟ್ಟ ಕ್ಯಾಮೆರಾದಿಂದ ತೆಗೆದದ್ದು. ಹೆಸರಿನಲ್ಲಿ ಊರಿನ ಹೆಸರೂ ಇತ್ತು. ಒಂಬತ್ತು ದಿನದಿಂದ ನನ್ನ ಪಟ್ಟಿಯಲ್ಲಿತ್ತು. ಹಾಕಿದ ದಿನ ನಾನು ಅದರ ಹೆಸರು ನೋಡಿದ್ದೆ ಅನ್ನುವುದೇ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ‘18+ ಅಂತ ಬೋರ್ಡ್ ಇದೆಯಲ್ಲ’ ಅಂತ ಮುಂದೆ ಹೋಗಿದ್ದೆ. ನೋಡುವವರಿಗೆ ಎಷ್ಟು ವಯಸ್ಸು ಅಂತ ಮಾತ್ರ ಯೋಚಿಸಿದ್ದೆ. ಅದರಲ್ಲಿ ಇರುವವರು ಒಪ್ಪಿದ್ದಾರಾ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ತಕ್ಷಣ ಲಿಂಕ್ ತೆಗೆದೆ. ಆಯ್ತು ಅಂತ ಹೇಳಿದೆ. ಅರ್ಧ ಗಂಟೆಗೆ ಮತ್ತೆ ಫೋನ್. "ಫೋಟೋ ಇನ್ನೂ ಬರ್ತಿದೆ ಸರ್." ಲಿಂಕ್ ಸೇರಿಸಿದಾಗ ನನ್ನ ಪ್ರೋಗ್ರಾಂ ತಾನಾಗಿ ಒಂದು ಥಂಬ್‌ನೇಲ್ ತಂದು ನನ್ನದೇ ಸರ್ವರ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು. ಲಿಂಕ್ ಅಳಿಸಿದರೂ ಚಿತ್ರದ ಫೈಲ್ ಅಲ್ಲೇ ಇತ್ತು. ಬೆರಳುಗುರಿನಷ್ಟು ಚಿತ್ರ. ಕಿಟಕಿಯ ಹಸಿರು ಪರದೆ, ಮೇಜಿನ ಮೇಲೆ ನೀರಿನ ಜಗ್, ಅವರ ಮುಖ. ‘ನಾನು ಲಿಂಕ್ ಮಾತ್ರ ಕೊಡುತ್ತೇನೆ, ವಿಡಿಯೋ ನನ್ನ ಹತ್ತಿರ ಇಲ್ಲ’ ಅಂತ ಅಷ್ಟು ದಿನ ಎಲ್ಲರಿಗೂ ಹೇಳುತ್ತಿದ್ದೆ. ಆ ಮುಖ ನನ್ನ ಸರ್ವರ್‌ನಲ್ಲೇ ಇತ್ತು.

ಕಾನೂನನ್ನು ನಾನು ಆಮೇಲೆ ಕೂತು ಓದಿದೆ, ಮೊದಲೇ ಓದಬೇಕಿತ್ತು. ಇಂಥ ದೃಶ್ಯದ ಬಗ್ಗೆ ಅದರಲ್ಲಿರುವವರೇ ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಬೇಕು ಅಂತ 2021ರ ಐಟಿ ನಿಯಮಗಳಲ್ಲಿ ಆಗಲೇ ಇತ್ತು (ಆಮೇಲೆ ಆ ಗಡುವು ಇನ್ನೂ ಕಡಿಮೆಯಾಗಿದೆ). ಕರೆಂಟ್ ಇರಲಿಲ್ಲ ಅನ್ನುವುದಕ್ಕೆ ಅಲ್ಲಿ ಜಾಗ ಇಲ್ಲ. ಹೀಗೆ ಕದ್ದು ತೆಗೆದು ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್, ಐಟಿ ಕಾಯ್ದೆಯ 66ಇ, ಎರಡರಲ್ಲೂ ಅಪರಾಧ. ಮಕ್ಕಳ ಅಶ್ಲೀಲ ದೃಶ್ಯವಾದರೆ ಐಟಿ ಕಾಯ್ದೆಯ 67ಬಿ. ಅಂಥದ್ದನ್ನು ಇಟ್ಟುಕೊಳ್ಳುವುದೂ ಅಪರಾಧ ಅಂತ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಕ್ಷಿಗೆ ಇರಲಿ ಅಂತಲೂ ಡೌನ್‌ಲೋಡ್ ಮಾಡಬೇಡಿ. ವಿಳಾಸ, ಸಮಯ, ಯಾವ ಖಾತೆಯಿಂದ ಬಂತು ಅನ್ನುವುದನ್ನು ಬರೆದಿಟ್ಟುಕೊಂಡು ದೂರು ಕೊಡಿ. ಆ ಹುಡುಗಿಯ ವಿಷಯದಲ್ಲಿ ನಾನು ಗಾಬರಿಯಲ್ಲಿ ಲಿಂಕಿನ ಜೊತೆ ಕಳಿಸಿದವನ ವಿವರವನ್ನೂ ಅಳಿಸಿಬಿಟ್ಟಿದ್ದೆ. ತನಿಖೆಗೆ ಬೇಕಾಗಿದ್ದದ್ದೇ ಅದು. ಅವರು ಅದಕ್ಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಇನ್ನೊಂದು ವಿಷಯ ತುಂಬಾ ಜನ ತಪ್ಪು ತಿಳಿದಿದ್ದಾರೆ. ದೊಡ್ಡವರು ಒಪ್ಪಿ ಮಾಡಿದ್ದಾದರೂ ಲೈಂಗಿಕ ಕ್ರಿಯೆ ತೋರಿಸುವ ವಿಡಿಯೋವನ್ನು ನಮ್ಮ ದೇಶದಲ್ಲಿ ಇಂಟರ್‌ನೆಟ್‌ನಲ್ಲಿ ಪ್ರಕಟಿಸುವುದು ಐಟಿ ಕಾಯ್ದೆಯ 67ಎ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಬಾಗಿಲಿಗೆ 18+ ಬೋರ್ಡ್ ಹಾಕಿದರೆ ಇದು ತಪ್ಪುವುದಿಲ್ಲ. ಹಾಗಂತ ಬೆತ್ತಲೆ ಕಂಡದ್ದನ್ನೆಲ್ಲ ಅಳಿಸಬೇಕಾಗಿಯೂ ಇಲ್ಲ. ಬರೀ ನಗ್ನತೆ ಇದೆ ಅಂತ ಅಶ್ಲೀಲ ಆಗುವುದಿಲ್ಲ, ಸಂದರ್ಭ ನೋಡಬೇಕು ಅಂತ 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಜ್ಞಾನ, ಕಲೆ, ಕಲಿಕೆ, ಪರಂಪರೆ, ಧರ್ಮಕ್ಕೆ ಸಂಬಂಧಿಸಿದ್ದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಹೆರಿಗೆ, ಎದೆಹಾಲು, ಕುಂಡೆ ಹಬ್ಬ ಎಲ್ಲ ಉಳಿಯಬೇಕಾದದ್ದು ಈ ಜಾಗದಲ್ಲಿ. ಅವನ್ನು ಉಳಿಸಬೇಕಾದರೆ ಆ ಕದ್ದ ವಿಡಿಯೋ ಇವುಗಳ ಪಕ್ಕದಲ್ಲಿ ಯಾವತ್ತೂ ಬಂದು ಕೂರಬಾರದು.

ಈಗ ನನ್ನಲ್ಲಿ 18+ ವಿಭಾಗ ಇಲ್ಲ. ಪ್ರತಿ ಲಿಂಕನ್ನೂ ತೆರೆದು ನೋಡಿದ ಮೇಲೆಯೇ ಪಟ್ಟಿಗೆ ಹಾಕುತ್ತೇನೆ. ಒಳ್ಳೆಯದು ಕೆಟ್ಟದ್ದು ಅಂತ ಹೇಳದೆ ಒಳಗೆ ಏನಿದೆ ಅಂತ ಮಾತ್ರ ಬರೆಯುತ್ತೇನೆ: ‘ಹೆರಿಗೆಯ ದೃಶ್ಯ ಇದೆ’, ‘ರಕ್ತ ಕಾಣುತ್ತದೆ’, ‘ಬೈಗುಳ ಇದೆ’. ಅಂಥವಕ್ಕೆ ಥಂಬ್‌ನೇಲ್ ತಾನಾಗಿ ಕಾಣುವುದಿಲ್ಲ, ನೋಡುವವರು ಬೇಕೆಂದರೆ ತೆರೆದುಕೊಳ್ಳಬಹುದು. ಮಕ್ಕಳಿಗೆ ಎಷ್ಟು ವಯಸ್ಸಿನಿಂದ ಅನ್ನುವುದಕ್ಕೆ ಒಟಿಟಿಗಳಲ್ಲಿ ಇರುವ 7+, 13+, 16+ ಅನ್ನೇ ತೆಗೆದುಕೊಂಡೆ, ಜನರಿಗೆ ಅದು ಆಗಲೇ ಗೊತ್ತು. ಏನಾದರೂ ತೆಗೆದರೆ ಯಾಕೆ ತೆಗೆದೆ ಅಂತ ಒಂದು ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತೇನೆ. ಹಳೇ ಲಿಂಕುಗಳನ್ನು ಭಾನುವಾರ ಭಾನುವಾರ ಒಂದಷ್ಟು ಒತ್ತಿ ನೋಡುತ್ತೇನೆ. ಲಿಂಕ್ ಬದುಕಿದೆಯಾ ಅಂತ ನೋಡುವ ಪ್ರೋಗ್ರಾಂ ಇದಕ್ಕೆ ಸಾಲದು, ಯಾಕೆಂದರೆ ಮಾಲೀಕ ಬದಲಾದ ಸೈಟ್ ಕೂಡ ಬದುಕಿಯೇ ಇರುತ್ತದೆ. ಮತ್ತೆ, ಪಾಸ್‌ವರ್ಡ್ ಈಗ ಮೈಸೂರಿನಲ್ಲಿರುವ ನನ್ನ ತಂಗಿಯ ಹತ್ತಿರವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರಿನ ಮೇಲ್ ಅವಳಿಗೂ ಹೋಗುತ್ತದೆ. ಕೊಡಗಿನಲ್ಲಿ ಒಬ್ಬರೇ ಕೂತು ಸೈಟ್ ನಡೆಸುವವರು ಇದೊಂದನ್ನಾದರೂ ಮಾಡಿ.

ಕುಂಡೆ ಹಬ್ಬದ ವಿಡಿಯೋವನ್ನು 18+ನಿಂದ ಹೊರಗೆ ತಂದು ಪಟ್ಟಿಗೆ ವಾಪಸ್ ಹಾಕುವಾಗ ಅದನ್ನು ತೆಗೆದ ದೇವರಪುರದ ಕಡೆಯ ಹುಡುಗನಿಗೆ ಕೇಳಿದೆ. "ಬೈಗುಳ ಇದೆ ಅಂತ ಹಾಕಿ ಅಣ್ಣ, ಪರವಾಗಿಲ್ಲ. ಅದು ಹರಕೆ ಅಂತಾನೂ ಹಾಕಿ," ಅಂದ. ಎರಡನ್ನೂ ಹಾಕಿದೆ.

ನಿಮಗೋ ನಿಮ್ಮವರಿಗೋ ಇಂಥ ವಿಡಿಯೋದ ತೊಂದರೆ ಆಗಿದ್ದರೆ ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್‌ನಲ್ಲಿ ದೂರು ಕೊಡಬಹುದು. ಹೆಂಗಸರ, ಮಕ್ಕಳ ವಿಷಯದಲ್ಲಿ ಹೆಸರು ಹೇಳದೆಯೂ ಕೊಡಬಹುದು. ಇಂಥ ವಿಡಿಯೋ ಹರಡದಂತೆ ತಡೆಯಲು ಹದಿನೆಂಟು ದಾಟಿದವರಿಗೆ ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಇದೆ. ಅಲ್ಲಿ ವಿಡಿಯೋ ಕಳಿಸಬೇಕಾಗಿಲ್ಲ. ಅದರ ಗುರುತಿನ ಸಂಖ್ಯೆ ನಿಮ್ಮ ಫೋನಿನಲ್ಲೇ ತಯಾರಾಗುತ್ತದೆ, ಅದು ಮಾತ್ರ ಹೋಗುತ್ತದೆ.

ಆ ನವೆಂಬರ್ ರಾತ್ರಿ ಫಿಲ್ಟರ್ ಅಳಿಸಿದ ಲಿಂಕುಗಳಲ್ಲಿ ಹನ್ನೊಂದು ನನಗಿನ್ನೂ ಸಿಕ್ಕಿಲ್ಲ. ಸೋಮವಾರಪೇಟೆ ಕಡೆಯ ಸೂಲಗಿತ್ತಿ ಅಜ್ಜಿಯೊಬ್ಬರು ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವ ವಿಡಿಯೋ ಅದರಲ್ಲಿ ಒಂದು. ಅದನ್ನು ಕಳಿಸಿದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಇನ್ನೊಮ್ಮೆ ಕಳಿಸಿ.