ಎಕ್ಸ್‌ಪಲ್ಸ್ ಸೂಪರ್‌ಮೋಟೊ ಆದಾಗ ಹಿಂಚಕ್ರಕ್ಕೆ ಯಾವ ಟೈರು? 130, 140, 150ರ ಹೋಲಿಕೆ

ಹೀರೊ ಎಕ್ಸ್‌ಪಲ್ಸ್ 200 4ವಿ ಗಾಡಿಗೆ ಕಾರ್ಖಾನೆಯಿಂದ ಬರುವ ಚಕ್ರ ಮುಂದೆ 21 ಇಂಚು, ಹಿಂದೆ 18 ಇಂಚು. ಟೈರುಗಳ ಅಳತೆ 90/90-21 ಮತ್ತು 120/80-18; ಇದರಲ್ಲಿ ಮೊದಲನೆಯದು ಮಿ.ಮೀ.ಗಳಲ್ಲಿ ಟೈರಿನ ಅಗಲ, ಎರಡನೆಯದು ಆ ಅಗಲದ ಶೇಕಡಾವಾರು ಲೆಕ್ಕದಲ್ಲಿ ಪಕ್ಕೆಯ ಎತ್ತರ, ಕೊನೆಯದು ಇಂಚುಗಳಲ್ಲಿ ರಿಮ್ಮಿನ ವ್ಯಾಸ. ಕಲ್ಲು, ಕೆಸರು, ತೋಟದ ದಾರಿಗೆ ಈ ಜೋಡಿ ಹೇಳಿ ಮಾಡಿಸಿದಂತಿದೆ. ಆದರೆ ನನ್ನ ಓಡಾಟದ ಬಹುಪಾಲು ಶಿವಮೊಗ್ಗದಿಂದ ಮಂಡಗದ್ದೆ, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಇಳಿದು ಸೋಮೇಶ್ವರ ಸೇರುವ ಡಾಂಬರು ರಸ್ತೆಯಲ್ಲೇ ಆಗುವುದರಿಂದ, ಎತ್ತರದ ತೆಳುವಾದ ಮುಂಚಕ್ರವು ತಿರುವಿನಲ್ಲಿ ಕೊಡುವ ಅಳುಕನ್ನು ಸಹಿಸಿಕೊಂಡು ಹೋಗುವ ಅಗತ್ಯ ನನಗೆ ಕಾಣಲಿಲ್ಲ. ಎರಡೂ ಕಡೆ 17 ಇಂಚಿನ ಚಕ್ರ ಹಾಕಿ ಗಾಡಿಯನ್ನು ಸೂಪರ್‌ಮೋಟೊ, ಅಂದರೆ ಡಾಂಬರಿಗೆ ಒಗ್ಗುವ ಚಿಕ್ಕ ಚಕ್ರಗಳ ಕಚ್ಚಾದಾರಿ ಗಾಡಿ, ಮಾಡಲು ನಿರ್ಧರಿಸಿದೆ. ಮುಂದಿನದು ಸುಲಭವಾಗಿ ಇತ್ಯರ್ಥವಾಯಿತು: 3.00 ಇಂಚು ಅಗಲದ ರಿಮ್ಮಿನ ಮೇಲೆ 110/70-17. ಹಿಂದಿನದಕ್ಕೆ ಮಾತ್ರ ಒಂದಾದ ಮೇಲೊಂದು ಮೂರು ಅಳತೆಗಳನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಬೇಕಾಯಿತು.

ಹೋಲಿಕೆಗೆ ಇಳಿಯುವ ಮೊದಲು ಒಂದು ಲೆಕ್ಕ ಹೇಳಬೇಕು, ಏಕೆಂದರೆ ನಾನು ಆಮೇಲೆ ಅನುಭವಿಸಿದ್ದೆಲ್ಲ ಈ ಲೆಕ್ಕದೊಳಗೇ ಇತ್ತು. ಟೈರಿನ ಅಗಲವನ್ನು ಅದರ ಶೇಕಡಾವಾರು ಎತ್ತರದಿಂದ ಗುಣಿಸಿ, ಎರಡು ಪಟ್ಟು ಮಾಡಿ, ರಿಮ್ಮಿನ ವ್ಯಾಸಕ್ಕೆ ಕೂಡಿಸಿದರೆ ಚಕ್ರದ ಒಟ್ಟು ವ್ಯಾಸ ಸಿಗುತ್ತದೆ. ಹಾಗೆ ನೋಡಿದರೆ ಮೂಲದ 120/80-18ರ ವ್ಯಾಸ ಸುಮಾರು 649 ಮಿ.ಮೀ.; 130/70-17ರದು 614, 140/70-17ರದು 628, 150/60-17ರದು 612. ಕಣ್ಣಿಗೆ ದೊಡ್ಡದಾಗಿ ಕಾಣುವ 150ರ ಟೈರು ವ್ಯಾಸದಲ್ಲಿ 130ಕ್ಕಿಂತಲೂ ಎರಡು ಮಿ.ಮೀ. ಚಿಕ್ಕದು ಎಂಬುದನ್ನು ಅಂಗಡಿಯ ಮುಂದೆ ನಿಂತು ಆರಿಸುವವರು ಗಮನಿಸುವುದೇ ಇಲ್ಲ.

ಮುಂಚಕ್ರದ ವ್ಯಾಸ 695ರಿಂದ 586ಕ್ಕೆ ಇಳಿಯುವುದರಿಂದ ಮುಂದಿನ ಅಚ್ಚು ನೆಲಕ್ಕೆ ಸುಮಾರು 55 ಮಿ.ಮೀ. ಹತ್ತಿರವಾಗುತ್ತದೆ. ಹಿಂದೆ 130/70 ಹಾಕಿದರೆ ಹಿಂದಿನ ಅಚ್ಚು 18 ಮಿ.ಮೀ. ಮಾತ್ರ ಇಳಿಯುತ್ತದೆ, 140/70 ಹಾಕಿದರೆ ಇನ್ನೂ ಕಡಿಮೆ, ಸುಮಾರು 11 ಮಿ.ಮೀ. ಅಂದರೆ ಯಾವುದನ್ನು ಹಾಕಿದರೂ ಗಾಡಿ ಮೂಗು ತಗ್ಗಿಸಿ ನಿಲ್ಲುತ್ತದೆ. 1410 ಮಿ.ಮೀ. ವೀಲ್‌ಬೇಸ್‌ನ (ಎರಡು ಅಚ್ಚುಗಳ ನಡುವಿನ ಅಂತರದ) ಮೇಲೆ ಇದು 130ಕ್ಕೆ ಒಂದೂವರೆ ಡಿಗ್ರಿ, 140ಕ್ಕೆ 1.8 ಡಿಗ್ರಿಯಷ್ಟು ಮುಂಚಕ್ರ ಹಿಡಿದಿರುವ ಫೋರ್ಕ್ ನೆಟ್ಟಗಾದಂತೆ. ಕೇಳುವುದಕ್ಕೆ ಅತ್ಯಲ್ಪ ಎನಿಸುವ ಈ ಅಂತರ ಹ್ಯಾಂಡಲ್ ಹಿಡಿದ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಹಿಂದಿನ ಟೈರನ್ನು ಆರಿಸುವಾಗ ಹಿಡಿತವನ್ನಷ್ಟೇ ಅಲ್ಲ, ಮುಂಭಾಗದ ಸ್ವಭಾವವನ್ನೂ ಆರಿಸುತ್ತಿರುತ್ತೇವೆ ಎಂಬುದು ನನಗೆ ಮನವರಿಕೆಯಾದದ್ದು ಇಲ್ಲಿಯೇ.

ಮೊದಲು ಕಟ್ಟಿಸಿದ್ದು 3.50 ಇಂಚು ಅಗಲದ 17ರ ರಿಮ್. ಮೂಲ ಚಕ್ರವನ್ನು ಬಿಚ್ಚಿ ಅದರ ನಡುವಿನ ಗುಂಬವಾದ ಹಬ್ಬಿಗೇ ಹೊಸ ರಿಮ್ ಕಟ್ಟಬಹುದಿತ್ತು. ಆದರೆ ಬೇಕೆಂದಾಗ ಗಾಡಿಯನ್ನು ಹಳೆಯ ರೂಪಕ್ಕೆ ತರಲು ಆಗಬೇಕೆಂದು ಬೇರೆ ಹಬ್ಬುಗಳನ್ನೇ ಕೊಂಡೆ. 18 ಇಂಚಿನ ಸ್ಪೋಕುಗಳು 17ರ ರಿಮ್ಮಿಗೆ ಉದ್ದವಾಗುವುದರಿಂದ ಅಳತೆ ಕೊಟ್ಟು ಹೊಸ ಸ್ಪೋಕುಗಳನ್ನು ಮಾಡಿಸಬೇಕು. ಮೊದಲ ಸಲ ಚಕ್ರ ಕಟ್ಟಿ ಬಂದಾಗ ಬೆಂಡು ಎಳ್ಳಷ್ಟೂ ಇರಲಿಲ್ಲ. ಆದರೂ ಗಾಡಿ ನೇರ ರಸ್ತೆಯಲ್ಲಿ ಒಂದು ಬದಿಗೆ ಎಳೆಯುತ್ತಿತ್ತು. ಹಿಂದಿನ ಟೈರಿನಿಂದ ಮುಂದಿನ ಟೈರಿನವರೆಗೆ ಎರಡೂ ಬದಿಗೆ ದಾರ ಎಳೆದು ನೋಡಿದಾಗ ರಿಮ್ ನಡುವಿನಿಂದ ನಾಲ್ಕು ಮಿ.ಮೀ. ಚೈನಿನ ಕಡೆಗೆ ಕುಳಿತಿರುವುದು ತಿಳಿಯಿತು. ಹೀಗಾಗಿ ಚಕ್ರ ಕಟ್ಟಿಸುವವರಿಗೆ ನನ್ನ ವಿನಂತಿ ಇಷ್ಟೆ: ಬಿಚ್ಚುವ ಮೊದಲೇ ಮೂಲ ಚಕ್ರದಲ್ಲಿ ಹಬ್ಬಿನ ಅಂಚಿನಿಂದ ರಿಮ್ಮಿನ ಅಂಚಿಗೆ ಎರಡೂ ಬದಿಯ ಅಂತರವನ್ನು ಅಳೆದು ಬರೆದಿಟ್ಟುಕೊಳ್ಳಿ. ಕೆಲಸ ಮಾಡುವವರು ಎಷ್ಟೇ ನುರಿತವರಾಗಿದ್ದರೂ ಅವರ ಮುಂದೆ ಆ ಅಂಕಿ ಇಲ್ಲದಿದ್ದರೆ ಅವರು ಕಣ್ಣಂದಾಜಿನಲ್ಲೇ ಕಟ್ಟಬೇಕಾಗುತ್ತದೆ.

130/70-17 ಹಾಕಿ ಸುಮಾರು ಎಂಟು ತಿಂಗಳು ಓಡಿಸಿದೆ. ಇದೇ ಕುಟುಂಬದ ಎಕ್ಸ್‌ಪಲ್ಸ್ 200ಟಿ ಗಾಡಿಗೆ ಕಾರ್ಖಾನೆಯವರೇ ಹಿಂದೆ 130/70-17 ಕೊಟ್ಟಿದ್ದರು ಎಂಬುದು ಈ ಅಳತೆಯನ್ನು ಮೊದಲು ಆರಿಸಲು ನನಗೆ ಧೈರ್ಯ ಕೊಟ್ಟ ಸಂಗತಿ. 3.50 ಇಂಚಿನ ರಿಮ್ಮು 130ರ ಟೈರಿಗೆ ಹೇಳಿದ ಅಗಲವೇ ಆದ್ದರಿಂದ, ಅದರ ಮೈ ವಿನ್ಯಾಸಕಾರರು ಬಯಸಿದ ದುಂಡಗಿನಲ್ಲೇ ನಿಲ್ಲುತ್ತದೆ. ಆಗುಂಬೆಯ ತಿರುವುಗಳಲ್ಲಿ ಇದರ ಗುಣ ಪೂರ್ತಿಯಾಗಿ ಕಾಣಿಸುತ್ತದೆ: ಗಾಡಿಯನ್ನು ಬಾಗಿಸಲು ಆರಂಭಿಸಿದ ಕ್ಷಣದಿಂದ ತಿರುವಿನ ಒಡಲು ಮುಟ್ಟುವವರೆಗೆ ಅದು ಒಂದೇ ಹದದಲ್ಲಿ ಬಾಗುತ್ತದೆ, ನಡುವೆ ಎಲ್ಲಿಯೂ ತಡೆದಂತೆ ಆಗುವುದಿಲ್ಲ. ಎದುರಿಗೆ ಬಸ್ಸು ಪೂರ್ತಿ ರಸ್ತೆ ಹಿಡಿದು ಹತ್ತಿ ಬರುವಾಗ, ಬಾಗಿದ ಗಾಡಿಯನ್ನು ಎತ್ತಿ ಮತ್ತೆ ಬಾಗಿಸಬೇಕಾದ ಆ ಗಳಿಗೆಯಲ್ಲಿ ಈ ಸಲೀಸು ಎಷ್ಟು ದೊಡ್ಡ ವರವೆಂಬುದು ಘಾಟಿಯಲ್ಲಿ ಓಡಿಸುವವರಿಗೆ ಗೊತ್ತು.

ಇದರ ಕೊರತೆ ನೇರ ರಸ್ತೆಯಲ್ಲಿದೆ. ಚಕ್ರ ಚಿಕ್ಕದಾದಷ್ಟೂ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು. ಮೊದಲು 6000 ಸುತ್ತು ಬೇಕಾಗಿದ್ದ ವೇಗಕ್ಕೆ 130/70ರಲ್ಲಿ ಸುಮಾರು 6350 ಸುತ್ತು ಬೇಕು. ಹಿಂದಿನ ಸ್ಪ್ರಾಕೆಟ್ಟಿನಲ್ಲಿ 40 ಹಲ್ಲು ಇರುವ ಗಾಡಿಗೆ 42 ಹಲ್ಲಿನದನ್ನು ಹಾಕಿದಂತೆ ಎಂದು ಭಾವಿಸಿದರೆ ಅಂದಾಜು ಸರಿಹೋಗುತ್ತದೆ. ಘಾಟಿ ಹತ್ತುವಾಗ ಇದು ಲಾಭವೇ. ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಬರುವಾಗ ಎಂಜಿನ್ ಒದ್ದಾಡುವುದಿಲ್ಲ. ಆದರೆ ತುಂಗೆಯ ದಡದುದ್ದಕ್ಕೆ ಮಂಡಗದ್ದೆಯ ಕಡೆಗೆ ಒಂದೇ ವೇಗದಲ್ಲಿ ಸಾಗುವಾಗ ಇನ್ನೊಂದು ಗೇರು ಇರಬೇಕಿತ್ತು ಎಂದು ಕಾಲು ತಾನಾಗಿ ಹುಡುಕುತ್ತದೆ.

ಆ ಕಾರಣಕ್ಕಾಗಿ ಅದೇ ರಿಮ್ಮಿಗೆ, ಅದೇ ಕಂಪನಿಯ ಅದೇ ನಮೂನೆಯ 140/70-17 ಹಾಕಿದೆ. ಇಲ್ಲಿ ಸುತ್ತುಗಳ ಏರಿಕೆ ಶೇಕಡಾ ಮೂರೂವರೆಯಷ್ಟೇ. ಮೊದಲಿನ 6000ಕ್ಕೆ ಈಗ ಸುಮಾರು 6200. ಜೊತೆಗೆ ಟೈರಿನ ಪಕ್ಕೆಯ ಎತ್ತರ 91ರಿಂದ 98 ಮಿ.ಮೀ.ಗೆ ಏರುತ್ತದೆ. ಈ ಏಳು ಮಿ.ಮೀ. ಬಗ್ಗೆ ನನಗೆ ಮೊದಲು ಅಷ್ಟು ನಂಬಿಕೆ ಇರಲಿಲ್ಲ. ಆದರೆ ಮಳೆಗಾಲ ಕಳೆದ ಮೇಲೆ ರಸ್ತೆಯ ಅಂಚೆಲ್ಲ ಕಿತ್ತುಹೋಗಿ, ಗುಂಡಿಯ ಮೇಲೆ ಗುಂಡಿ ಬಿದ್ದಿದ್ದ ಸಮಯದಲ್ಲಿ, ಸ್ಪೋಕ್ ರಿಮ್ಮಿನೊಳಗಿನ ಟ್ಯೂಬು ಚಿವುಟಿಕೊಂಡು ಪಂಕ್ಚರ್ ಆಗುವ ಭಯ 140ರಲ್ಲಿ ನನಗೆ ಕಡಿಮೆಯಾಯಿತು. 130ರಲ್ಲಿ ಅಂಥ ಪಂಕ್ಚರ್ ಎರಡು ಸಲ ಆಗಿತ್ತು, 140ರಲ್ಲಿ ಒಂದೂ ಆಗಲಿಲ್ಲ. ಎರಡನ್ನೂ ಒಂದೇ ಒತ್ತಡದಲ್ಲಿ ಓಡಿಸಿದ್ದೆ. ಮನೆಯವರನ್ನು ಹಿಂದೆ ಕೂರಿಸಿಕೊಂಡು ಹೋದಾಗ ಗಾಡಿ ಹೆಚ್ಚು ಸಮಾಧಾನದಿಂದ ಕುಳಿತು ಸಾಗುತ್ತದೆಂಬುದನ್ನು ಅವರೇ ಹೇಳಿದರು. ಭಾರ ಹೊರುವ ಸೂಚ್ಯಂಕ 130/70ಕ್ಕೆ ಸಾಮಾನ್ಯವಾಗಿ 62, ಅಂದರೆ 265 ಕಿಲೊ. 140/70ಕ್ಕೆ 66, ಅಂದರೆ 300 ಕಿಲೊ. ಇಬ್ಬರು ಕುಳಿತ 200 ಸಿ.ಸಿ. ಗಾಡಿಗೆ ಎರಡೂ ಧಾರಾಳವಾಗಿ ಸಾಕು.

ಹಾಗಿದ್ದರೆ 140 ಗೆದ್ದಂತಲ್ಲವೇ ಎಂದರೆ, ಘಾಟಿಯಲ್ಲಿ ನನ್ನ ಉತ್ತರ ಬೇರೆ. 140/70ಕ್ಕೆ ಒಪ್ಪುವ ರಿಮ್ಮಿನ ಅಗಲ 3.50ರಿಂದ 4.50 ಇಂಚು; ನಾನು ಬಳಸಿದ್ದು ಅದರ ಕೆಳಗಿನ ಗಡಿ. ಕಿರಿದಾದ ರಿಮ್ಮು ಟೈರಿನ ಎರಡು ಪಕ್ಕೆಗಳನ್ನು ಒಳಕ್ಕೆ ಎಳೆಯುವುದರಿಂದ ಅದರ ನೆತ್ತಿ ಚೂಪಾಗುತ್ತದೆ. ಇದರಿಂದ ಗಾಡಿ ಮೊದಲ ಬಾಗಿಗೆ ಆತುರದಿಂದ ಬೀಳುತ್ತದೆ, ಆಮೇಲೆ ಟೈರಿನ ಚಪ್ಪಟೆ ಭುಜದ ಮೇಲೆ ಬಂದಾಗ ಮತ್ತೆ ಬಾಗಿಸಲು ಒತ್ತಬೇಕಾಗುತ್ತದೆ. ಅದಕ್ಕೆ ಆಗಲೇ ಹೇಳಿದ 1.8 ಡಿಗ್ರಿಯ ತಗ್ಗಿದ ಮೂಗೂ ಸೇರಿಕೊಂಡು, ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದು ತಿರುವಿಗೆ ಇಳಿಯುವಾಗ ಹ್ಯಾಂಡಲ್ ಒಳಕ್ಕೆ ಮಡಚಿಕೊಳ್ಳುವಂತೆ ಭಾಸವಾಗುತ್ತಿತ್ತು. ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡನ್ನು (ಸ್ಪ್ರಿಂಗಿನ ಬಿಗಿತವನ್ನು) ಒಂದೆರಡು ಹಂತ ಸಡಿಲಿಸಿ ಹಿಂಭಾಗವನ್ನು ತಗ್ಗಿಸಿದಾಗ ಇದು ಅರ್ಧಕ್ಕರ್ಧ ಸರಿಹೋಯಿತು. ಟೈರು ಸವೆದ ಗುರುತು ನೋಡಿದರೂ ಇದೇ ಕಥೆ: 130ರಲ್ಲಿ ಅಂಚಿನಿಂದ ಐದಾರು ಮಿ.ಮೀ. ಮಾತ್ರ ನೆಲ ಮುಟ್ಟದೆ ಉಳಿದಿತ್ತು. 140ರಲ್ಲಿ ಅದಕ್ಕಿಂತ ಎರಡರಷ್ಟು ಅಗಲದ ಪಟ್ಟಿ ಹೊಸದರಂತೆಯೇ ಹೊಳೆಯುತ್ತಿತ್ತು. ನೆಲ ಮುಟ್ಟದ ರಬ್ಬರಿನಿಂದ ಹಿಡಿತ ಬರುವುದಿಲ್ಲ. ಅದು ಚಕ್ರದ ತೂಕವನ್ನು ಮಾತ್ರ ಹೆಚ್ಚಿಸುತ್ತದೆ.

ಸುಜುಕಿಯ ಸೂಪರ್‌ಮೋಟೊ ಡಿಆರ್‌-ಝಡ್400ಎಸ್‌ಎಂ ಗಾಡಿಯಲ್ಲೂ ಹಿಂದೆ ಇದೇ 140/70-17 ಇದೆ, ಆದರೆ ಅದು ಕುಳಿತಿರುವುದು 4.50 ಇಂಚಿನ ರಿಮ್ಮಿನ ಮೇಲೆ. ಟೈರಿನ ಮೈಮೇಲಿನ ಅಂಕಿಯನ್ನು ಮಾತ್ರ ನೋಡಿ ‘ಅವರು 140 ಹಾಕಿದ್ದಾರೆ, ನಾವೂ ಹಾಕೋಣ’ ಎನ್ನುವವರು ಈ ಒಂದು ಇಂಚಿನ ವ್ಯತ್ಯಾಸವನ್ನು ಮರೆಯುತ್ತಾರೆ. ಕವಾಸಕಿಯ 250 ಸಿ.ಸಿ. ಸೂಪರ್‌ಮೋಟೊ ಡಿ-ಟ್ರ್ಯಾಕರ್‌ಗೆ 110/70 ಮತ್ತು 130/70ರ ಜೋಡಿಯೇ ಸಾಕಾಗಿತ್ತು ಎಂಬುದು ನಮ್ಮ 19 ಅಶ್ವಶಕ್ತಿಯ ಎಂಜಿನ್ನಿಗೆ ಹೆಚ್ಚು ಹತ್ತಿರದ ಮಾದರಿ.

150/60-17ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೆಳೆಯರೊಬ್ಬರು ಇದೇ ಗಾಡಿಗಾಗಿ 4.00 ಇಂಚಿನ ರಿಮ್ಮಿನಲ್ಲಿ ಕಟ್ಟಿಸಿದ್ದ ಚಕ್ರವನ್ನು ಹತ್ತು ದಿನ ಎರವಲು ತಂದು ಹಾಕಿದ್ದೆ. ಕೆಟಿಎಂ 390 ಡ್ಯೂಕ್‌ ಬೈಕಿನಲ್ಲಿ ಇದೇ ಟೈರು ಇದೇ ಅಗಲದ ರಿಮ್ಮಿನ ಮೇಲೆ ಸೊಗಸಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಅದನ್ನು ದುಡಿಸುವ ಶಕ್ತಿ ಇದೆ. ನನ್ನ ಗಾಡಿಯಲ್ಲಿ ಟೈರಿಗೂ ಚೈನಿಗೂ ನಡುವೆ ಒಂದು ಬೆರಳು ತೂರುವಷ್ಟೂ ಜಾಗ ಉಳಿಯಲಿಲ್ಲ. ಚೈನು ಸ್ವಲ್ಪ ಸಡಿಲವಾದ ದಿನ ಪಕ್ಕೆಯ ಮೇಲೆ ಎಣ್ಣೆಯ ಗೆರೆ ಮೂಡಿತ್ತು. ಅಗಲದ ಟೈರಿನಲ್ಲಿ ನೆಲ ಮುಟ್ಟುವ ಜಾಗ ಹೆಚ್ಚು ಬದಿಗೆ ಸರಿಯುವುದರಿಂದ ಅದೇ ತಿರುವನ್ನು ಅದೇ ವೇಗದಲ್ಲಿ ದಾಟಲು ಗಾಡಿಯನ್ನು ಇನ್ನಷ್ಟು ಬಾಗಿಸಬೇಕು. ತೂಕವೂ ಕೈಗೆ ತಿಳಿಯುವಷ್ಟು ಹೆಚ್ಚು, ವ್ಯಾಸ ಚಿಕ್ಕದು, ಪಕ್ಕೆ ಗಿಡ್ಡ. ನಿಂತಿರುವಾಗ ಗಾಡಿ ಬಹಳ ಚಂದ ಕಾಣುತ್ತದೆಂಬುದನ್ನು ಒಪ್ಪುತ್ತೇನೆ, ಆದರೆ ಆ ಹತ್ತು ದಿನಗಳಲ್ಲಿ ಅದನ್ನು ಇಟ್ಟುಕೊಳ್ಳಲು ಬೇರೆ ಯಾವ ಕಾರಣವೂ ನನಗೆ ಸಿಗಲಿಲ್ಲ.

18 ಇಂಚಿನ ಹಳೆಯ ರಿಮ್ಮನ್ನೇ ಉಳಿಸಿಕೊಂಡು ಡಾಂಬರಿನ ಟೈರು ಹಾಕುವ ದಾರಿಯೂ ಇದೆ. ಖರ್ಚು ಕಡಿಮೆ, ಗೇರಿನ ಲೆಕ್ಕ ಬದಲಾಗುವುದಿಲ್ಲ. ಆದರೆ ಮುಂದೆ 17 ಹಾಕಿ ಹಿಂದೆ 18 ಉಳಿಸಿದರೆ ಹಿಂಭಾಗ ಇಳಿಯುವುದೇ ಇಲ್ಲವಾದ್ದರಿಂದ ಮೂಗು ಎರಡು ಡಿಗ್ರಿಗೂ ಹೆಚ್ಚು ತಗ್ಗುತ್ತದೆ. 140ರಲ್ಲಿ ನನಗೆ ಕಿರಿಕಿರಿಯಾದದ್ದು ಇಲ್ಲಿ ಇನ್ನೂ ಹೆಚ್ಚಾಗುತ್ತದೆ ಎಂದು ತಿಳಿದು ನಾನು ಅದನ್ನು ಪ್ರಯತ್ನಿಸಲಿಲ್ಲ.

ಯಾವ ಅಳತೆ ಆರಿಸಿದರೂ ಜೊತೆಗೆ ಬರುವ ಕೆಲವು ಬದಲಾವಣೆಗಳಿವೆ. 130/70ರೊಂದಿಗೆ ಗಾಡಿಯ ನಡುಭಾಗ ಸುಮಾರು 36 ಮಿ.ಮೀ. ತಗ್ಗಿ, 220 ಮಿ.ಮೀ. ಇದ್ದ ನೆಲದಂತರ 184ರ ಆಸುಪಾಸಿಗೆ ಬರುತ್ತದೆ. ನಮ್ಮ ಊರಿನ ರಸ್ತೆ ಉಬ್ಬುಗಳಿಗೆ ಇದು ಸಾಕು. ಆದರೆ ಗಾಡಿ ತಗ್ಗಿದಾಗ ಸೈಡ್ ಸ್ಟ್ಯಾಂಡು ಉದ್ದವಾದಂತಾಗಿ ಗಾಡಿ ತೀರ ನೆಟ್ಟಗೆ ನಿಲ್ಲುತ್ತದೆ, ಗಾಳಿ ಬೀಸಿದರೂ ಆಚೆ ಬದಿಗೆ ಉರುಳಬಹುದು. ನಾನು ಇನ್ನೊಂದು ಸ್ಟ್ಯಾಂಡು ಕೊಂಡು ಅದನ್ನು 25 ಮಿ.ಮೀ. ಕತ್ತರಿಸಿ ವೆಲ್ಡಿಂಗ್ ಮಾಡಿಸಿದೆ. ವೇಗದ ಲೆಕ್ಕ ಮುಂಚಕ್ರದಿಂದ ಬರುವ ಗಾಡಿಗಳಲ್ಲಿ ಮೀಟರು 60 ತೋರಿಸುವಾಗ ನಿಜವಾದ ವೇಗ 50ರ ಹತ್ತಿರ ಇರುತ್ತದೆ ಎಂಬುದನ್ನೂ ನೆನಪಿಡಬೇಕು. ಕಿಲೊಮೀಟರ್ ಎಣಿಕೆಯೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚಾಗುವುದರಿಂದ ಮೈಲೇಜ್ ಇದ್ದಕ್ಕಿದ್ದಂತೆ ಏರಿದೆ ಎಂದು ಸಂತೋಷಪಡುವಂತಿಲ್ಲ.

ಕಾನೂನಿನ ವಿಷಯವನ್ನು ಬಚ್ಚಿಟ್ಟು ಈ ಹೋಲಿಕೆ ಬರೆಯುವುದು ಪ್ರಾಮಾಣಿಕವಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, ಮತ್ತು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಚಕ್ರದ ಅಳತೆ ಬದಲಿಸಲು ಹೊರಟವರು ಸಾರಿಗೆ ಕಚೇರಿಯಲ್ಲೂ ವಿಮೆಯವರಲ್ಲೂ ಮೊದಲು ವಿಚಾರಿಸಿಕೊಂಡು, ಆಮೇಲೆ ರಿಮ್ಮಿಗೆ ಹಣ ಕೊಡುವುದು ಒಳ್ಳೆಯದು. ನಾನು ಮೂಲ ಚಕ್ರಗಳನ್ನು ಬಿಚ್ಚದೆ ಇಡಿಯಾಗಿ ಉಳಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಈಗ ನನ್ನ ಗಾಡಿಯಲ್ಲಿರುವುದು 3.50 ರಿಮ್ಮಿನ ಮೇಲಿನ 130/70-17. ವಾರಕ್ಕೊಮ್ಮೆ ಘಾಟಿ ಇಳಿಯುವವನಿಗೆ ಅದರ ಸಲೀಸು ಬಿಟ್ಟುಕೊಡಲಾಗದ್ದು ಎಂದೇ ಅದಕ್ಕೆ ಮರಳಿದೆ. ದಿನವೂ ಶಿವಮೊಗ್ಗ–ತೀರ್ಥಹಳ್ಳಿ ನಡುವೆ ಇಬ್ಬರು ಕುಳಿತು ಓಡಾಡುವ ನನ್ನ ತಮ್ಮನಿಗೆ ಮಾತ್ರ 140/70 ಹಾಕಿಸಿಕೊಳ್ಳಲು ಹೇಳಿದ್ದೇನೆ, ಆದರೆ 4.00 ಇಂಚಿನ ರಿಮ್ಮಿನಲ್ಲಿ. ಜೂನ್ ಬಂದೊಡನೆ ಅಟ್ಟದ ಮೇಲಿರುವ 21 ಮತ್ತು 18 ಇಂಚಿನ ಚಕ್ರಗಳು ಕೆಳಗಿಳಿಯುತ್ತವೆ; ಅವುಗಳ ಜೊತೆ ಉದ್ದದ ಸ್ಟ್ಯಾಂಡೂ ವಾಪಸು ಬರುತ್ತದೆ, ಮತ್ತು ಸೆಪ್ಟೆಂಬರಿನಲ್ಲಿ ರಸ್ತೆಯ ಪಾಚಿ ಒಣಗುವವರೆಗೆ ಅವೇ ಇರುತ್ತವೆ.