ಪತ್ರಿಕೆಯ ಮೇಲಿನ ಹನಿ: ಹಳೆಯ ಟ್ರಕ್ಕಿಗೆ ತಾಮ್ರ-ನಿಕ್ಕಲ್ ಬ್ರೇಕ್ ಪೈಪು, ಮೂರು ಮಳೆಗಾಲದ ನಂತರ

ಬೆಳಿಗ್ಗೆ ಚಹಾಕ್ಕಿಂತ ಮೊದಲು ನಾನು ಟ್ರಕ್ಕಿನ ಕೆಳಗೆ ಬಗ್ಗಿ ನೋಡುತ್ತೇನೆ. ರಾತ್ರಿ ಮಲಗುವ ಮುನ್ನ ಆ ದಿನದ ಪತ್ರಿಕೆಯ ಹಾಳೆಗಳನ್ನು ಐದು ಕಡೆ ಹಾಸಿರುತ್ತೇನೆ: ನಾಲ್ಕು ಗಾಲಿಗಳ ಒಳಮಗ್ಗುಲಿಗೆ ಒಂದೊಂದು, ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಕೆಳಗೆ ಒಂದು. ಹಾಳೆಯ ಮೇಲೆ ಕಲ್ಲು ಇಡಬೇಕು. ಮರೆತರೆ ಸಮುದ್ರದ ಗಾಳಿ ಸಂಪಾದಕೀಯವನ್ನು ಪಕ್ಕದವರ ತೆಂಗಿನ ಬುಡಕ್ಕೆ ಒಯ್ದಿರುತ್ತದೆ. ಹುಬ್ಬಳ್ಳಿಯಿಂದ ಬರುವ ಕನ್ನಡ ಪತ್ರಿಕೆಗೆ ನಮ್ಮ ಮನೆಯಲ್ಲಿ ಎರಡು ಓದು. ಮೊದಲನೆಯದು ಸುದ್ದಿಗೆ, ಎರಡನೆಯದು ಸೋರಿದ ಎಣ್ಣೆಯ ಹನಿಗೆ.

ಹೇಳಬೇಕೆಂದಿರುವುದು ತಾಮ್ರ-ನಿಕ್ಕಲ್ ಬ್ರೇಕ್ ಪೈಪಿನ ಬಗ್ಗೆ. 25 ಅಡಿಯ ಒಂದು ಸುರುಳಿ ತಂದು, ನನ್ನ ಹಳೆಯ ಟ್ರಕ್ಕಿಗೆ ಮುಂದೆ ಡಿಸ್ಕ್ ಬ್ರೇಕ್ ಕೂರಿಸಿದಾಗ ಪೂರ್ತಿ ಹೊಸದಾಗಿ ಹಾಕಿದ್ದೆ. ವ್ಯಾಸ, ಗೋಡೆಯ ದಪ್ಪ, ತಾಳಿಕೊಳ್ಳುವ ಒತ್ತಡ ಎಲ್ಲವೂ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ, ನೀವು ನೋಡಿರುತ್ತೀರಿ. ಡಬ್ಬಿಯ ಮೇಲೆ ಇಲ್ಲದ ಒಂದು ಸಂಗತಿಗೆ ನಾನು ಎರಡು ತಿಂಗಳು ಕಳೆದುಕೊಂಡೆ. ಸಿಟ್ಟು ಪೂರ್ತಿ ಇಳಿದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಟ್ರಕ್ಕು ಎಪ್ಪತ್ತರ ದಶಕದ ಮಹೀಂದ್ರ ಎಫ್‌ಸಿ. ಮೂಗಿಲ್ಲದ ಮುಖ, ಚಾಲಕ ಮುಂದಿನ ಗಾಲಿಯ ಮೇಲೆಯೇ ಕುಳಿತಿರುತ್ತಾನೆ. ಗೋವಾದ ವಾಸ್ಕೋ ಪಕ್ಕದ ಚಿಕಲಿಂನಲ್ಲಿ ನಮ್ಮ ಮನೆ. ನಾನು ಗದಗದ ಕಡೆಯವನು. ಇಪ್ಪತ್ತರ ವಯಸ್ಸಿನಲ್ಲಿ ಇಲ್ಲಿಗೆ ಬಂದು ಹಡಗು ದುರಸ್ತಿಯಲ್ಲಿ ಪೈಪ್ ಫಿಟ್ಟರ್ ಆಗಿ ನಿವೃತ್ತನಾದೆ. ಈಗ ಸಸಿಗಳ ಸಣ್ಣ ವ್ಯಾಪಾರವಿದೆ, ಅದರ ಮಣ್ಣು ಗೊಬ್ಬರವನ್ನು ಹೊರುವುದು ಈ ಟ್ರಕ್ಕು. ಡಿಸ್ಕ್ ಏಕೆ ಬೇಕಾಯಿತು ಎಂದರೆ ಬೆಳಗಾವಿಯಿಂದ ಗೋವಾಕ್ಕೆ ಇಳಿಯುವ ಚೋರ್ಲಾ ಘಾಟಿನಲ್ಲಿ ಒಮ್ಮೆ ಸಸಿ ತುಂಬಿಕೊಂಡು ಇಳಿಯುವಾಗ ನಾಲ್ಕೂ ಡ್ರಮ್ಮುಗಳು ಕಾದು, ಪೆಡಲ್ ಒತ್ತಿದರೂ ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಗೇರಿನಲ್ಲೇ ಹಿಡಿದು ಘಾಟಿನ ಬುಡದ ಕೇರಿ ಎಂಬ ಊರಿನವರೆಗೆ ಬಂದೆ. ಅಂದು ಪಕ್ಕದಲ್ಲಿ ಕುಳಿತಿದ್ದ ಮನೆಯವಳು ಮನೆ ತಲುಪುವವರೆಗೂ ಮಾತಾಡಲಿಲ್ಲ. ಅವಳ ಮೌನದ ಲೆಕ್ಕದಲ್ಲಿ ಅದು ದೀರ್ಘವಾದದ್ದು.

ಇನ್ನೊಂದು ಕಾರಣ ಹಳೆಯ ಉಕ್ಕಿನ ಪೈಪು. ಇಲ್ಲಿ ಕಬ್ಬಿಣ ಎಂದರೆ ಉಪ್ಪಿಗೆ ಊಟ. ಪೈಪು ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು, ಕಪ್ಪು ಬಣ್ಣ ಬಳಿದಿತ್ತು. ಚಾಸಿಗೆ ಅದನ್ನು ಹಿಡಿದಿದ್ದ ಕ್ಲಿಪ್ಪು ಬಿಚ್ಚಿದೆ. ಕ್ಲಿಪ್ಪಿನ ಅಡಿಯಲ್ಲಿ ವರ್ಷಗಳ ಕೆಸರು, ಉಪ್ಪು ಸೇರಿ ಒದ್ದೆಯಾಗಿಯೇ ಉಳಿದಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಕೆರೆದರೆ ಪೈಪು ಹಪ್ಪಳದಂತೆ ಉದುರಿತು. ಡಿಸ್ಕಿಗೆ ಬದಲಾಯಿಸುವವರು ಇದನ್ನು ಗಮನಿಸಬೇಕು. ಡ್ರಮ್ ಬ್ರೇಕಿನಲ್ಲಿ ತಿರುಗುವ ಡ್ರಮ್ಮೇ ಲೈನಿಂಗನ್ನು ತನ್ನತ್ತ ಎಳೆದುಕೊಂಡು ಅರ್ಧ ಕೆಲಸ ಮಾಡಿಕೊಡುತ್ತದೆ. ಡಿಸ್ಕಿಗೆ ಆ ಉಪಕಾರಬುದ್ಧಿ ಇಲ್ಲ, ಪೂರಾ ಒತ್ತಡ ಎಣ್ಣೆಯಿಂದಲೇ ಬರಬೇಕು. ಡ್ರಮ್ಮಿನ ಕಾಲದಲ್ಲಿ ಹೇಗೋ ಬಾಳಿದ ಪೈಪು ಡಿಸ್ಕಿನ ಒತ್ತಡಕ್ಕೆ ಬಾಳುತ್ತದೆ ಎಂದು ನಂಬಬಾರದು.

ಅಂಗಡಿಯವನು ನನಗೆ ಮೊದಲು ತೋರಿಸಿದ್ದು ಶುದ್ಧ ತಾಮ್ರದ ಪೈಪು, ಫ್ರಿಜ್ಜಿಗೆ ಹಾಕುವಂಥದ್ದು. "ಎಲ್ಲರೂ ಇದನ್ನೇ ಹಾಕುತ್ತಾರೆ ಸಾಹೇಬ, ತುಕ್ಕು ಹಿಡಿಯುವುದಿಲ್ಲ" ಎಂದ. ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಗಾಡಿಯ ನಡುಕಕ್ಕೆ ತಾಮ್ರ ದಿನದಿನಕ್ಕೆ ಗಡುಸಾಗುತ್ತಾ ಒಂದು ದಿನ ಫ್ಲೇರಿನ, ಅಂದರೆ ಜೋಡಣೆಗೆಂದು ಅಗಲಿಸಿದ ಪೈಪಿನ ತುದಿಯ, ಕತ್ತಿನಲ್ಲಿ ಬಿರುಕು ಬಿಡುತ್ತದೆ. ಹಡಗಿನಲ್ಲಿ ಇಂಥ ಬಿರುಕನ್ನು ಎಷ್ಟು ಕಂಡಿದ್ದೇನೋ. ಸ್ಟೇನ್‌ಲೆಸ್ ಪೈಪು ಚೆಂದ, ಆದರೆ ಅದು ಮನೆಯಲ್ಲಿ ಕೈಯಿಂದ ಮಾಡುವ ಕೆಲಸಕ್ಕೆ ಬಗ್ಗುವ ಲೋಹವಲ್ಲ. ಡಬಲ್ ಫ್ಲೇರ್ ಮಾಡಲು ಹೋದರೆ ಅಂಚು ಸೀಳುತ್ತದೆ. ಸೀಳದಿದ್ದರೂ ಅದರ ಗಡಸುತನಕ್ಕೆ ಕೂರುವ ಜಾಗಕ್ಕೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ.

ತಾಮ್ರ-ನಿಕ್ಕಲ್ ನನಗೆ ಹೊಸದಾಗಿರಲಿಲ್ಲ. ಹಡಗಿನಲ್ಲಿ ಸಮುದ್ರದ ನೀರು ಹರಿಯುವ ಪೈಪುಗಳು ಇದೇ ಲೋಹದವು: ಸುಮಾರು 90 ಭಾಗ ತಾಮ್ರ, 10 ಭಾಗ ನಿಕ್ಕಲ್, ಜೊತೆಗೆ ಒಂದಿಷ್ಟು ಕಬ್ಬಿಣ, ಮ್ಯಾಂಗನೀಸ್. ವೋಲ್ವೊ ಕಾರುಗಳ ಬ್ರೇಕಿಗೆ ಇದು 1976ರಲ್ಲೇ ಬಂದಿದೆ. ಸಮುದ್ರದ ನೀರನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡು ಬಾಳುವ ಲೋಹಕ್ಕೆ ಚಿಕಲಿಂನ ಗಾಳಿ ಯಾವ ಲೆಕ್ಕ? ಬಣ್ಣ ನೋಡಿ ಗುರುತಿಸಬಹುದು. ತಾಮ್ರ ಕೆಂಪಗೆ ಹೊಳೆಯುತ್ತದೆ, ಇದು ಬೆಳ್ಳಿ ಬೆರೆಸಿದಂತೆ ಮಂಕು ಗುಲಾಬಿ. ಮೂರೂವರೆ ಸಾವಿರ ರೂಪಾಯಿ ಕೊಟ್ಟೆ, ಉಕ್ಕಿನದರ ಎರಡು ಪಟ್ಟಿಗಿಂತ ಹೆಚ್ಚು. ಪಿಂಚಣಿದಾರನ ಕೈ ಸ್ವಲ್ಪ ನಡುಗಿದ್ದು ಸುಳ್ಳಲ್ಲ.

ಅದನ್ನು ಬಾಗಿಸುವ ಸುಖ ಬೇರೆ. ಬೆಂಡರ್ ಕೊಳ್ಳಲಿಲ್ಲ. ನಮ್ಮ ಬಾವಿಗೆ ಮೋಟರ್ ಬಂದ ಮೇಲೆ ಹಳೆಯ ರಾಟೆ ಹಿತ್ತಲಲ್ಲಿ ಬಿದ್ದಿತ್ತು. ಅದರ ಹಗ್ಗ ಕೂರುವ ತೋಡಿಗೆ ಪೈಪನ್ನು ಇಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಚಪ್ಪಟೆಯಾಗದೆ ದುಂಡಗೆ ಬಳುಕಿ ಬರುತ್ತದೆ. ಬಿಗಿ ತಿರುವುಗಳಿಗೆ ಮಾತ್ರ ರಾಟೆ ದೊಡ್ಡದಾಯಿತು. ಅವನ್ನು ಮುಕ್ಕಾಲು ಇಂಚಿನ ಪೈಪಿನ ತುಂಡಿಗೆ ಸುತ್ತಿ ಮಾಡಿದೆ. ಮೊದಲು ಕಟ್ಟುತಂತಿಯಿಂದ ದಾರಿಯ ಅಚ್ಚು ತೆಗೆದುಕೊಂಡು, ಅದನ್ನು ನೆಲದ ಮೇಲಿಟ್ಟು, ಪಕ್ಕದಲ್ಲಿ ಪೈಪನ್ನು ಅದರಂತೆಯೇ ಬಾಗಿಸುವುದು. ನಾಲ್ಕು ಮಧ್ಯಾಹ್ನ ಹೀಗೆ ಹೋದವು. ಸಾಯಂಕಾಲ ಪಕ್ಕದ ಕೊಂಕಣಿ ಹುಡುಗರು ಬಂದು ನಿಂತು, ಅಜ್ಜ ಸಂಗೀತದ ವಾದ್ಯ ಮಾಡುತ್ತಿದ್ದಾರೆ ಎಂದು ಮಾತಾಡಿಕೊಂಡರಂತೆ.

ಇನ್ನು ಹನಿಯ ವಿಷಯ.

ಡಿಸ್ಕು ಮತ್ತು ಅದನ್ನು ಪ್ಯಾಡುಗಳಿಂದ ಅದುಮುವ ಕ್ಯಾಲಿಪರ್ ಇತ್ತೀಚಿನ ಜೀಪೊಂದರದ್ದು. ಕೂರಿಸುವ ಬ್ರಾಕೆಟ್ಟನ್ನು ಬೆಳಗಾವಿಯ ಉದ್ಯಮಬಾಗದಲ್ಲಿ ಮಾಡಿಸಿ ತಂದೆ, ಕೆಲಸ ಚೊಕ್ಕಟವಾಗಿತ್ತು. ಪೈಪಿನ ತುದಿಗೆ ಹಾಕುವ ನಟ್ಟುಗಳನ್ನು ಇಲ್ಲಿಯ ಅಂಗಡಿಯಲ್ಲಿ ಒಂದೇ ಡಬ್ಬಿಯಿಂದ ಎಣಿಸಿ ಕೊಟ್ಟರು. ಎಲ್ಲ ಜೋಡಿಸಿ, ಎಣ್ಣೆ ತುಂಬಿ, ಗಾಳಿ ತೆಗೆಯಲು ಕುಳಿತೆವು. ಮನೆಯವಳು ಮೇಲೆ ಸೀಟಿನಲ್ಲಿ, ನಾನು ಕೆಳಗೆ ಗಾಳಿ ಬಿಡುವ ನಿಪ್ಪಲಿನ ಹತ್ತಿರ. ದೂರದ ಎಡ ಹಿಂಗಾಲಿಯಿಂದ ಶುರು. "ಒತ್ತು." "ಒತ್ತಿದೆ." "ಹಿಡಿದಿರು." "ಹಿಡಿದಿದ್ದೇನೆ ರೀ, ಎಷ್ಟು ಹೊತ್ತು?" ನಾಲ್ಕೂ ಮುಗಿಯಿತು. ಮರುದಿನ ಬೆಳಿಗ್ಗೆ ಬಲ ಮುಂಗಾಲಿಯ ಹಾಳೆಯ ಮೇಲೆ, ಕ್ರೀಡಾ ಪುಟದ ನಡುವೆ, ಅಕ್ಷರಗಳ ಆಚೆಬದಿ ಕಾಣುವಷ್ಟು ತಿಳಿಯಾದ ಒಂದು ದುಂಡು ಕಲೆ.

ನಟ್ಟನ್ನು ಕಾಲು ಸುತ್ತು ಬಿಗಿದೆ. ಮರುದಿನ ಎರಡು ಕಲೆ. ಇನ್ನೂ ಬಿಗಿದೆ. ಈ ಲೋಹ ಮೆದು. ಅತಿಯಾಗಿ ಬಿಗಿದರೆ ಫ್ಲೇರಿನ ಅಂಚು ತೆಳ್ಳಗಾಗಿ ಇನ್ನಷ್ಟು ಸೋರುತ್ತದೆ ಎಂಬುದು ಬಿಚ್ಚಿ ನೋಡಿದಾಗ ಗೊತ್ತಾಯಿತು. ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಮೂವತ್ತು ವರ್ಷದ ಫಿಟ್ಟರಿನ ಕೈ ತಾನಾಗಿ ಜೇಬಿಗೆ ಹೋಗಿ ಟೆಫ್ಲಾನ್ ಟೇಪು ತೆಗೆಯಿತು. ಬ್ರೇಕ್ ಪೈಪಿನಲ್ಲಿ ಸೋರಿಕೆ ತಡೆಯುವುದು ನಟ್ಟಿನ ಮರೆ, ಅಂದರೆ ತಿರುಪಿನ ಗೆರೆಗಳಲ್ಲ, ಫ್ಲೇರು ಲೋಹಕ್ಕೆ ಲೋಹ ಒತ್ತಿ ಕೂರುವುದು. ಮರೆಗೆ ಟೇಪು ಸುತ್ತಿದರೆ ಚೂರು ಒಳಗೆ ಹೋಗಿ ಬೇರೆ ಅನಾಹುತ. ಸುತ್ತಿದೆ, ಅರ್ಧ ಗಂಟೆಯಲ್ಲಿ ಬಿಚ್ಚಿ ಎಸೆದೆ, ಯಾರಿಗೂ ಹೇಳಲಿಲ್ಲ. ಫ್ಲೇರಿಂಗ್ ಟೂಲನ್ನೇ ಬೈದೆ, ಸಾವಿರದ ಇನ್ನೂರರ ಅಗ್ಗದ ಟೂಲು. ಒಂಬತ್ತು ಸಾವಿರದ ಒಳ್ಳೆಯದನ್ನು ತರಿಸಿದೆ. ಫ್ಲೇರು ಕನ್ನಡಿಯಂತೆ ಬಂತು. ಹನಿ ಮಾತ್ರ ಹಾಗೆಯೇ ಬಂತು. ಎರಡು ತಿಂಗಳು ಟ್ರಕ್ಕು ಅಂಗಳ ಬಿಟ್ಟಿರಲಿಲ್ಲ, ಗೊಬ್ಬರಕ್ಕೆ ಬಾಡಿಗೆ ಟೆಂಪೊ.

ಕೊನೆಗೆ ಒಂದು ದಿನ ಸುಮ್ಮನೆ ನಟ್ಟನ್ನು ಬಿಚ್ಚಿ, ಪೈಪು ಕವಲೊಡೆಯುವ ಹಳೆಯ ಟೀ (T) ಜಾಯಿಂಟಿನ ನಟ್ಟಿನ ಪಕ್ಕದಲ್ಲಿ ಬಿಳಿ ಕಾಗದದ ಮೇಲಿಟ್ಟೆ. ನನ್ನ ನಟ್ಟುಗಳೆಲ್ಲ ಹಳೆಯ ಜೀಪಿನ ಕಾಲದ ಇಂಚಿನವು: ಎಂಟರಲ್ಲಿ ಮೂರು ಇಂಚು, ಇಂಚಿಗೆ 24 ಮರೆ. ಹೊಸ ಕ್ಯಾಲಿಪರಿನ ಹೋಸ್ ಪೈಪಿನ ತೂತು ಮೆಟ್ರಿಕ್: 10 ಮಿಲಿಮೀಟರ್, ಮರೆಗೆ 1 ಮಿಲಿಮೀಟರ್. ಇಂಚಿನ ನಟ್ಟು 9.5 ಮಿಲಿಮೀಟರ್ ಚಿಲ್ಲರೆ. ಅದರ ಮರೆಯ ಅಂತರ 1.06 ಮಿಲಿಮೀಟರ್. ಎಷ್ಟು ಹತ್ತಿರ ನೋಡಿ! ತೂತಿನೊಳಗೆ ಹೋಗುತ್ತದೆ, ಎರಡು ಸುತ್ತು ಹಿಡಿದಂತೆಯೂ ಆಗುತ್ತದೆ, ಪಾನಾ ಹಾಕಿದರೆ ಬಿಗಿ ಆದಂತೆ ಕೈಗೆ ಸುಳ್ಳು ಹೇಳುತ್ತದೆ. ಅದರ ಮೇಲೆ, ಹಳೆಯ ಜಾಯಿಂಟಿಗೆ ಬೇಕಾದದ್ದು ಒಳಗೆ ಮಡಚಿದ ಡಬಲ್ ಫ್ಲೇರ್. ಹೊಸ ಹೋಸಿಗೆ ಬೇಕಾದದ್ದು ಉಬ್ಬಿದ ಬಬಲ್ ಫ್ಲೇರ್. ಅಂದರೆ ತಪ್ಪು ನಟ್ಟಿನೊಳಗೆ ತಪ್ಪು ಫ್ಲೇರು. ಆ ಕ್ಷಣ ಬಂದ ಸಿಟ್ಟು ಅಂಗಡಿಯವನ ಮೇಲೋ ನನ್ನ ಮೇಲೋ ಎಂದು ತೀರ್ಮಾನಿಸಲು ಸ್ವಲ್ಪ ಹೊತ್ತು ಬೇಕಾಯಿತು. ಅಂಗಡಿಯವನ ಮೇಲೆಯೇ ಎಂದು ತೀರ್ಮಾನಿಸಿದೆ. ಒಂದು ಹನಿ ಸೋರಿದ್ದು ನನ್ನ ಪುಣ್ಯ. ಸೋರದೆ ಇದ್ದಿದ್ದರೆ ಆ ಎರಡು ಮರೆಗಳನ್ನು ನಂಬಿ ಘಾಟ್ ಇಳಿಯುತ್ತಿದ್ದೆ.

ಪರಿಹಾರಕ್ಕೆ ನಲವತ್ತು ನಿಮಿಷ ಸಾಕಾಯಿತು. ಆ ತುಂಡು ಪೈಪಿನ ಒಂದು ತುದಿಗೆ ಇಂಚಿನ ನಟ್ಟು ಮತ್ತು ಡಬಲ್ ಫ್ಲೇರ್, ಇನ್ನೊಂದು ತುದಿಗೆ ಮೆಟ್ರಿಕ್ ನಟ್ಟು ಮತ್ತು ಬಬಲ್ ಫ್ಲೇರ್. ಎಡಗಡೆಗೂ ಹಾಗೆಯೇ, ಅದು ಸೋರುತ್ತಿರಲಿಲ್ಲವಾದರೂ ಅಲ್ಲಿಯೂ ಅದೇ ತಪ್ಪು ನಟ್ಟೇ ಇತ್ತು. ಒಂದು ಎಚ್ಚರಿಕೆ: ಡಬಲ್ ಫ್ಲೇರಿನ ಮೊದಲ ಹೆಜ್ಜೆಯಲ್ಲಿ ಒಂದು ಉಬ್ಬು ಬರುತ್ತದೆ, ಅದನ್ನೇ ಬಬಲ್ ಫ್ಲೇರ್ ಎಂದು ಬಳಸುವವರಿದ್ದಾರೆ. ಅದರ ಆಕಾರ ಬೇರೆ, ಬಬಲ್‌ಗೆ ಅದರದೇ ಡೈ ಬೇಕು. ಮತ್ತೊಂದು: ಫ್ಲೇರ್ ಮಾಡುವ ಮುನ್ನ ನಟ್ಟನ್ನು ಪೈಪಿಗೆ ಏರಿಸಿ. ನಾನು ಮರೆತದ್ದು ಎರಡು ಸಲ ಮಾತ್ರ.

ಹೊಳೆಯುವ ಸ್ಟೀಲ್ ಜಾಲರಿಯ ಹೋಸ್ ಪೈಪುಗಳನ್ನೂ ಅಳಿಯನ ಮಾತು ಕೇಳಿ ಹಾಕಿದ್ದೆ. ಒಂದು ಮಳೆಗಾಲದಲ್ಲಿ ಜಾಲರಿ ಚಾಸಿಗೆ ತಿಕ್ಕಿ ಬಣ್ಣ ಕೆತ್ತಿಹಾಕಿತು. ರಬ್ಬರ್ ಹಳತಾದರೆ ಮೈಮೇಲೆ ಬಿರುಕು ತೋರಿಸುತ್ತದೆ, ಜಾಲರಿ ಒಳಗಿನದನ್ನು ಮುಚ್ಚಿಡುತ್ತದೆ. ಪೆಡಲಿನಲ್ಲಿ ವ್ಯತ್ಯಾಸ ನನ್ನ ಕಾಲಿಗೆ ತಿಳಿಯಲಿಲ್ಲ. ರಬ್ಬರಿಗೆ ಮರಳಿದೆ, ಅಳಿಯನಿಗೆ ಇದು ಗೊತ್ತಿಲ್ಲ.

ಪೆಡಲಿನ ಮಾತು ಬಂದಿತು. ಸೋರಿಕೆ ನಿಂತರೂ ಬೆಳಿಗ್ಗೆ ಮೊದಲ ಒತ್ತು ಹತ್ತಿಯ ಗಾದಿ ಒತ್ತಿದಂತೆ ಇದೆ ಎಂದು ಕಂಡುಹಿಡಿದವಳು ಮನೆಯವಳು. ಈ ಟ್ರಕ್ಕಿನ ಮಾಸ್ಟರ್ ಸಿಲಿಂಡರ್ ನೆಲಹಾಸಿನ ಕೆಳಗೆ, ಕ್ಯಾಲಿಪರಿಗಿಂತ ತಗ್ಗಿನಲ್ಲಿದೆ. ನಿಂತಲ್ಲೇ ಎಣ್ಣೆ ಹಿಂದಕ್ಕೆ ಇಳಿಯುತ್ತದೆ. ಮುಂದಿನ ಲೈನಿಗೆ 2 ಪಿಎಸ್‌ಐನ ರೆಸಿಡುಯಲ್ ವಾಲ್ವ್ (ಲೈನಿನಲ್ಲಿ ಅಷ್ಟು ಒತ್ತಡ ಉಳಿಸಿ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವುದು) ಹಾಕಿದ ಮೇಲೆ ಸರಿಹೋಯಿತು. ಹಿಂದಿನ ಡ್ರಮ್ಮಿಗೆ 10 ಪಿಎಸ್‌ಐನದು. ಇವೆರಡನ್ನು ಅದಲುಬದಲು ಮಾಡಿದರೆ ಮುಂದಿನ ಪ್ಯಾಡುಗಳು ಡಿಸ್ಕನ್ನು ಬಿಡುವುದೇ ಇಲ್ಲ. ಒಂದೇ ಸರ್ಕ್ಯೂಟಿನ ಹಳೆಯ ಸಿಲಿಂಡರನ್ನು ತೆಗೆದು ಮುಂದೆ ಹಿಂದೆ ಬೇರೆ ಬೇರೆ ಇರುವುದನ್ನು ಹಾಕಿದ್ದೇನೆ, ಅದನ್ನು ಮಾಡದೆ ಡಿಸ್ಕಿಗೆ ಕೈಹಾಕಬೇಡಿ. ಬ್ರೇಕ್ ಎಣ್ಣೆ ಡಾಟ್ 4 ದರ್ಜೆಯದು. ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ 155ಕ್ಕೆ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುತ್ತಾರೆ, ಇಲ್ಲಿಯ ಗಾಳಿಗೆ ನಾನು ಪ್ರತಿ ಮೇ ತಿಂಗಳು ಬದಲಾಯಿಸುತ್ತೇನೆ. ಕೆಲಸಕ್ಕೆ ಇಳಿಯುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಬದಲಾವಣೆಗೆ ಸಂಬಂಧಿಸಿದ್ದು.

ಮೂರು ಮಳೆಗಾಲದ ನಂತರ ಪೈಪು ಹೇಗಿದೆ? ಹೊಳಪು ಹೋಗಿ ಹಳೆಯ ತಂಬಿಗೆಯ ಬಣ್ಣ ಬಂದಿದೆ. ಅಲ್ಲಲ್ಲಿ ತುಸು ಹಸಿರು, ಬಟ್ಟೆಯಿಂದ ಒರೆಸಿದರೆ ಕೆಳಗೆ ನುಣುಪು. ಕಳೆದ ದೀಪಾವಳಿಗೆ ಎಲ್ಲ ಕ್ಲಿಪ್ಪುಗಳನ್ನು ಬಿಚ್ಚಿ ಕೆರೆದು ನೋಡಿದೆ. ಕ್ಲಿಪ್ಪುಗಳು ತುಕ್ಕು ಹಿಡಿದಿದ್ದವು, ಪೈಪಿಗೆ ಏನೂ ಆಗಿರಲಿಲ್ಲ. ಈಗ ಕ್ಲಿಪ್ಪಿನೊಳಗೆ ರಬ್ಬರ್ ತೋಳು ಹಾಕಿದ್ದೇನೆ. ನಟ್ಟುಗಳು ಉಕ್ಕಿನವೇ ಆದ್ದರಿಂದ ಅವುಗಳ ಬೆನ್ನಿಗೆ ಗ್ರೀಸು. ಮೂರೂವರೆ ಸಾವಿರದ ಬಗ್ಗೆ ಈಗ ತಕರಾರಿಲ್ಲ. ಒಂಬತ್ತು ಸಾವಿರದ ಟೂಲಿನ ಬಗ್ಗೆ ಇದೆ. ಅಗ್ಗದ್ದು ಡಬಲ್ ಫ್ಲೇರನ್ನು ಚೆನ್ನಾಗಿಯೇ ಮಾಡುತ್ತಿತ್ತು, ಪಾಪ.

ಚೋರ್ಲಾ ಈಗ ತಿಂಗಳಿಗೊಮ್ಮೆ. ಹೋಗುವಾಗ ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ನಿಲ್ಲಿಸಿ ಒಂದು ಚಹಾ. ಬರುವಾಗ ಇಳಿಜಾರಿನಲ್ಲಿ ಮನೆಯವಳು ಹಾಡು ಗುನುಗುತ್ತಾಳೆ. ಹಿಂದೆ ಅವಳ ಕೈ ಬಾಗಿಲಿನ ಹಿಡಿಕೆಯನ್ನು ಬಿಡುತ್ತಿರಲಿಲ್ಲ.

ಹಾಳೆ ಹಾಸುವುದನ್ನು ಮಾತ್ರ ನಿಲ್ಲಿಸಿಲ್ಲ. ನಿನ್ನೆ ಬೆಳಿಗ್ಗೆ ಮಾಸ್ಟರ್ ಸಿಲಿಂಡರಿನ ಹತ್ತಿರದ ಹಾಳೆಯ ಮೇಲೆ ಒಂದು ಕಲೆ. ಎದೆ ಧಸಕ್ಕೆಂದಿತು. ಬೆರಳಿಗೆ ಹಚ್ಚಿ ನಲ್ಲಿಯ ಕೆಳಗೆ ಹಿಡಿದೆ. ಬ್ರೇಕ್ ಎಣ್ಣೆಯಾದರೆ ನೀರಿಗೆ ತೊಳೆದುಹೋಗಬೇಕು. ಇದು ಕಪ್ಪಗೆ, ಜಿಡ್ಡಾಗಿ ಬೆರಳಿಗೆ ಅಂಟಿಕೊಂಡೇ ಇತ್ತು. ಗೇರ್‌ಬಾಕ್ಸಿನದು. ಅದರ ಸೀಲು ತರಲು ಶನಿವಾರ ಬೆಳಗಾವಿಗೆ ಹೊರಟಿದ್ದೇವೆ.