ಜೆರ್ಮಾಟ್: ಏರಲು ರೈಲು, ಇಳಿಯಲು ಕಾಲು

ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬೆಟ್ಟದ ಮೇಲಕ್ಕೆ ಒಯ್ಯುವ ಗೋರ್ನರ್‌ಗ್ರಾಟ್ ರೈಲಿಗೆ ಹೋಗಿಬರುವ ಟಿಕೆಟ್ ಕೊಂಡು, ಮೇಲೆ ನಿಂತು ಮ್ಯಾಟರ್‌ಹಾರ್ನ್ ಶಿಖರದ ಚಿತ್ರ ತೆಗೆದು, ಹತ್ತಿದ ರೈಲಿನಲ್ಲೇ ಇಳಿದುಬಿಡುತ್ತಾರೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಆರು ದಿನ ಅಲ್ಲಿದ್ದು, ಸಾಧ್ಯವಾದಷ್ಟು ದಾರಿಗಳನ್ನು ನಡೆದು ನೋಡಿದ ಮೇಲೆ ನಾನು ಹೇಳುವುದು ಇಷ್ಟೇ: ಹೋಗುವುದಕ್ಕೆ ಮಾತ್ರ ಟಿಕೆಟ್ ಕೊಳ್ಳಿ, ಬರುವುದನ್ನು ಕಾಲಿಗೆ ಬಿಡಿ. ಸುಮಾರು 1,600 ಮೀಟರ್ ಎತ್ತರದಲ್ಲಿರುವ ಈ ಊರಿನೊಳಗೆ ಪೆಟ್ರೋಲ್ ವಾಹನಗಳಿಗೆ ಪ್ರವೇಶವಿಲ್ಲ. ಕಾರನ್ನು ಐದು ಕಿಲೋಮೀಟರ್ ಕೆಳಗಿನ ಟೇಷ್‌ನಲ್ಲಿ ನಿಲ್ಲಿಸಿ, ಹನ್ನೆರಡು ನಿಮಿಷದ ರೈಲಿನಲ್ಲಿ ಬರಬೇಕು. ಬೀದಿಯಲ್ಲಿ ಓಡಾಡುವ ವಿದ್ಯುತ್ ಟ್ಯಾಕ್ಸಿಗಳು ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುವುದರಿಂದ, ಮೊದಲ ದಿನ ಬೆಟ್ಟಕ್ಕಿಂತ ಬೀದಿಯಲ್ಲೇ ಹೆಚ್ಚು ಎಚ್ಚರದಿಂದ ನಡೆದೆ.

ಇಲ್ಲಿನ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ದಾರಿಫಲಕಗಳು. ಹಳದಿ ಫಲಕದಲ್ಲಿ ದೂರ ಇರುವುದಿಲ್ಲ, ನಡೆಯಲು ಬೇಕಾಗುವ ಸಮಯ ಇರುತ್ತದೆ. ನಿಂತ ಜಾಗದ ಹೆಸರು ಮತ್ತು ಎತ್ತರವನ್ನು ಬಿಳಿಯ ಪಟ್ಟಿಯಲ್ಲಿ ಬರೆದಿರುತ್ತಾರೆ. ಬರೀ ಹಳದಿ ಗುರುತಿದ್ದರೆ ಯಾರು ಬೇಕಾದರೂ ನಡೆಯಬಹುದಾದ ಹಾದಿ. ಬಂಡೆಯ ಮೇಲೆ ಬಿಳಿ-ಕೆಂಪು-ಬಿಳಿ ಬಳಿದಿದ್ದರೆ ಅದು ಬೆಟ್ಟದ ಹಾದಿ. ಗಟ್ಟಿ ಅಡಿಯ ಬೂಟು ಬೇಕು, ತಲೆ ತಿರುಗಬಾರದು. ಬಿಳಿ-ನೀಲಿ-ಬಿಳಿ ಕಂಡರೆ ಮುಂದೆ ಕೈ ಊರಿ ಹತ್ತುವ ಬಂಡೆಯೋ ಹಿಮನದಿಯೋ ಎದುರಾಗುತ್ತದೆ ಎಂದರ್ಥ, ಅನುಭವವಿಲ್ಲದವರು ಅಲ್ಲಿಂದಲೇ ಹಿಂದಿರುಗಬೇಕು. ಫಲಕದ ಸಮಯವನ್ನು ಸಮತಟ್ಟಿನಲ್ಲಿ ಗಂಟೆಗೆ 4.2 ಕಿಲೋಮೀಟರ್ ವೇಗವನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಿರುತ್ತಾರೆ. ಕುಳಿತ ಹೊತ್ತು, ನೀರು ಕುಡಿದ ಹೊತ್ತು, ಬಾಯಿಬಿಟ್ಟು ನೋಡುತ್ತ ನಿಂತ ಹೊತ್ತು ಇದರಲ್ಲಿ ಸೇರಿಲ್ಲ. ನನ್ನ ಕಾಲಿಗೆ ಪ್ರತಿ ದಾರಿಯೂ ಫಲಕಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಹಿಡಿಯಿತು. ಈ ಲೆಕ್ಕವನ್ನು ಎರಡನೆಯ ದಿನವೇ ಅರಿತುಕೊಂಡಿದ್ದರೂ ಐದನೆಯ ದಿನ ಮರೆತದ್ದರ ಫಲವನ್ನು ಮುಂದೆ ಹೇಳುತ್ತೇನೆ.

1898ರಲ್ಲಿ ಆರಂಭವಾದ ಗೋರ್ನರ್‌ಗ್ರಾಟ್ ಹಲ್ಲುಗಾಲಿ ರೈಲು 33 ನಿಮಿಷದಲ್ಲಿ 3,089 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಮೇಲಿನ ನಿಲ್ದಾಣದಿಂದ ಕಾಣುವ ಗೋರ್ನರ್ ಹಿಮನದಿಯೂ ಮೊಂಟೆ ರೋಸಾ ಪರ್ವತವೂ ಯಾರನ್ನಾದರೂ ನಿಲ್ಲಿಸಿಬಿಡುತ್ತವೆ, ಆದರೆ ಜನಜಂಗುಳಿ ಅಲ್ಲಿ ನಿಲ್ಲಗೊಡುವುದಿಲ್ಲ. ಬೆಳಗಿನ ಮೊದಲ ರೈಲುಗಳಲ್ಲೊಂದನ್ನು ಹಿಡಿದು, ಒಂದು ನಿಲ್ದಾಣ ಮೊದಲೇ, ರೋಟನ್‌ಬೋಡನ್‌ನಲ್ಲಿ ಇಳಿಯುವುದು ಒಳ್ಳೆಯದು. ಹತ್ತು ನಿಮಿಷ ಕೆಳಗೆ ನಡೆದರೆ ರಿಫೆಲ್‌ಜೇ ಎಂಬ ಪುಟ್ಟ ಕೊಳ ಸಿಗುತ್ತದೆ. ‘ಜೇ’ ಎಂದರೆ ಜರ್ಮನ್ ಭಾಷೆಯಲ್ಲಿ ಸರೋವರ. ನಾನು ಹೋದಾಗ ನೀರು ಕದಲದೆ ಇತ್ತು, ಮ್ಯಾಟರ್‌ಹಾರ್ನ್‌ನ ಕೊಕ್ಕಿನಂತೆ ಬಾಗಿದ ತುದಿ ತಲೆಕೆಳಗಾಗಿ ಅದರಲ್ಲಿ ಬಿದ್ದಿತ್ತು. ಗಾಳಿ ಎದ್ದು ಮೊದಲ ಸುಕ್ಕು ದಂಡೆಯ ಹುಲ್ಲಿನ ಕಡೆಯಿಂದ ಹರಿದು ಬಂದಾಗ ಮೊದಲು ತುದಿ ಅಳಿಸಿಹೋಯಿತು, ಆಮೇಲೆ ಹೆಗಲು, ಕೊನೆಗೆ ಉಳಿದದ್ದು ಬೂದುಬಣ್ಣದ ನೀರು. ತಡವಾಗಿ ಬಂದವರು ಆ ಬೂದು ನೀರಿನ ಮುಂದೆಯೇ ಸಾಲುಗಟ್ಟಿ ನಿಂತಿದ್ದರು. ಅಲ್ಲಿಂದ ರಿಫೆಲ್‌ಬೆರ್ಗ್ ಮೂಲಕ ರಿಫೆಲಾಲ್ಪ್‌ವರೆಗಿನ ಇಳಿಜಾರು ಸುಲಭದ್ದು, ಮಕ್ಕಳನ್ನೂ ಕರೆದೊಯ್ಯಬಹುದು. ಸಾಕೆನಿಸಿದರೆ ನಡುವಿನ ಯಾವ ನಿಲ್ದಾಣದಲ್ಲಾದರೂ ರೈಲು ಹತ್ತಬಹುದು.

ಹೆಸರು ಮಾಡಿರುವ ಐದು ಸರೋವರಗಳ ದಾರಿಯ ಬಗ್ಗೆ ನನ್ನ ಉತ್ಸಾಹ ಸ್ವಲ್ಪ ಕಡಿಮೆ. ಬ್ಲೌಹೆರ್ಡ್‌ನಿಂದ ಹೊರಟು ಸುನ್ನೆಗ್ಗಾದಲ್ಲಿ ಮುಗಿಯುವ ಈ ಸುಮಾರು ಒಂಬತ್ತು ಕಿಲೋಮೀಟರ್ ನಡಿಗೆಯಲ್ಲಿ ಸ್ಟೆಲ್ಲಿಜೇ, ಗ್ರಿಂಡ್ಜಿಜೇ ಎರಡೂ ನಿಜಕ್ಕೂ ಚೆಲುವಾದವು. ಎರಡನೆಯದರ ದಂಡೆಯಲ್ಲಿ ಲಾರ್ಚ್ ಮರಗಳ ನೆರಳಿದೆ, ಜನವೂ ಕಡಿಮೆ. ಆದರೆ ಮೂಸ್ಜಿಜೇ ಎಂಬುದು ಹಿಮನದಿಯ ನೀರು ನಿಲ್ಲಿಸಿದ ಕಟ್ಟೆ. ಅದರ ಹಾಲುಬೆರೆತ ನೀಲಿ ಬಣ್ಣ ಚಿತ್ರದಲ್ಲಿ ಚೆನ್ನಾಗಿ ಕಂಡರೂ, ಅಲ್ಲಿನ ದಾರಿಯ ಒಂದಷ್ಟು ಭಾಗ ಕಾಮಗಾರಿಯ ರಸ್ತೆಯಂತಿದೆ. ಸಮಯ ಕಡಿಮೆಯಿದ್ದವರು ಮೊದಲ ಎರಡು ಸರೋವರಗಳನ್ನು ನೋಡಿ ಹಿಂದಿರುಗಿದರೆ ನಷ್ಟವಿಲ್ಲ.

ಇದಕ್ಕೆ ಬದಲಾಗಿ ಒಂದು ಇಡೀ ದಿನವನ್ನು ಹೋಹ್‌ಬಾಲ್ಮೆನ್ ದಾರಿಗೆ ಕೊಡಿ ಎಂದು ನಾನು ಒತ್ತಾಯಿಸುತ್ತೇನೆ. ಇದಕ್ಕೆ ರೈಲೂ ಇಲ್ಲ, ಕೇಬಲ್ ಕಾರೂ ಇಲ್ಲ. ಊರಿನ ಬೀದಿಯಿಂದಲೇ ಏರು ಶುರುವಾಗುತ್ತದೆ. ಟ್ರಿಫ್ಟ್ ಕಣಿವೆಯ ತೊರೆಯ ಸದ್ದನ್ನು ಜೊತೆಗಿಟ್ಟುಕೊಂಡು ಹಳೆಯ ಪರ್ವತ ಹೋಟೆಲ್‌ವರೆಗೆ ಹತ್ತಿ, ಅಲ್ಲಿಂದ ಎಡಕ್ಕೆ ತಿರುಗಿ ಏರಿದರೆ, 2,600 ಮೀಟರ್ ದಾಟಿದ ಮೇಲೆ ಹಾದಿ ಇದ್ದಕ್ಕಿದ್ದಂತೆ ಹುಲ್ಲಿನ ಜಗಲಿಯಾಗುತ್ತದೆ. ಮ್ಯಾಟರ್‌ಹಾರ್ನ್‌ನ ಉತ್ತರ ಮುಖ ಎದುರಿಗೇ ಇರುತ್ತದೆ, ನಡುವೆ ಕಣಿವೆಯೊಂದೇ. ಊರಿನಿಂದ ಕಾಣುವ ಅಂದದ ಕೋನವಲ್ಲ ಇದು. ಕಲ್ಲು ಉದುರುವ, ನೆರಳು ಬಿಡದ, ಕಪ್ಪು ಗೋಡೆ. ಆ ಜಗಲಿಯ ಉದ್ದಕ್ಕೂ ಸಾಗಿ ತ್ಸ್ಮುಟ್ ಕಣಿವೆಗೆ ಇಳಿದು ಊರು ಸೇರಲು ನನಗೆ ಎಂಟು ಗಂಟೆ ಹಿಡಿಯಿತು, ದಾರಿಯಲ್ಲಿ ಎದುರಾದವರು ಹತ್ತು ಮಂದಿ ಇರಬಹುದು. ಸಿಳ್ಳೆ ಹಾಕಿ ಬಿಲ ಸೇರುವ ಮಾರ್ಮಟ್‌ಗಳ ಸಂಖ್ಯೆ ಅದಕ್ಕಿಂತ ಹೆಚ್ಚಿತ್ತು.

ಶಿಖರ ಏರುವ ಉದ್ದೇಶವಿಲ್ಲದವರಿಗೂ ಏರುವವರ ಲೋಕವನ್ನು ಹತ್ತಿರದಿಂದ ತೋರಿಸುವ ದಾರಿ, ಮ್ಯಾಟರ್‌ಹಾರ್ನ್ ಏರುವವರು ತಂಗುವ ಹ್ಯೋರ್ನ್ಲಿ ಹಟ್‌ನದು. ಷ್ವಾರ್ಟ್ಸ್‌ಜೇ ಕೇಬಲ್ ಕಾರ್ ನಿಲ್ದಾಣ ಇರುವುದು 2,583 ಮೀಟರ್‌ನಲ್ಲಿ, ಹಟ್ ಇರುವುದು 3,260 ಮೀಟರ್‌ನಲ್ಲಿ. ನಡುವೆ ಬಂಡೆಗೆ ಬಿಗಿದ ಕಬ್ಬಿಣದ ಮೆಟ್ಟಿಲುಗಳೂ ಹಿಡಿದು ನಡೆಯುವ ಹಗ್ಗಗಳೂ ಇವೆ. ಹಟ್‌ನ ಹಿಂದೆಯೇ ಬಂಡೆ ನೆಟ್ಟಗೆ ಎದ್ದು ನಿಲ್ಲುತ್ತದೆ, ಚಾರಣ ಅಲ್ಲಿಗೆ ಮುಗಿಯಿತು. ಆರೋಹಿಗಳು ಬೆಳಗಿನ ಜಾವ, ಹಣೆದೀಪದ ಬೆಳಕಿನಲ್ಲಿ ಇಲ್ಲಿಂದ ಹೊರಡುತ್ತಾರೆ. ಒಬ್ಬ ಗೈಡ್‌ಗೆ ಒಬ್ಬರೇ ಆರೋಹಿ. ಐದನೆಯ ದಿನ ನಾನು ಅಲ್ಲಿ ಕುಳಿತಿದ್ದಾಗ ಇಳಿದು ಬಂದ ಒಬ್ಬರು ಸೂಪಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಆದರೂ ಅದು ನಡುಗುತ್ತಲೇ ಇತ್ತು. ಅವರ ಗೈಡ್ ಮಾತ್ರ ಹಗ್ಗವನ್ನು ಸುತ್ತುತ್ತ, ಮನೆಯ ಅಂಗಳದಲ್ಲಿ ಇದ್ದವರಂತೆ ಹರಟುತ್ತಿದ್ದರು. ಆ ದೃಶ್ಯಕ್ಕೆ ಮರುಳಾಗಿ ಹೊತ್ತು ಹೋದದ್ದೇ ತಿಳಿಯಲಿಲ್ಲ, ಷ್ವಾರ್ಟ್ಸ್‌ಜೇಗೆ ಮರಳುವಷ್ಟರಲ್ಲಿ ಕೊನೆಯ ಕೇಬಲ್ ಕಾರ್ ಹೋಗಿತ್ತು. ತಪ್ಪು ನನ್ನದೇ, ಸಮಯವನ್ನು ಫಲಕದಲ್ಲಿ ದೊಡ್ಡದಾಗಿಯೇ ಬರೆದಿದ್ದರು. ಸುಮಾರು ಸಾವಿರ ಮೀಟರ್ ಇಳಿಜಾರನ್ನು ಮುಸ್ಸಂಜೆಯಲ್ಲಿ ಇಳಿಯುವಾಗ, ಊರಿನ ಅಂಗಡಿಯೊಂದರಲ್ಲಿ ಬಾಡಿಗೆಗೆ ಪಡೆದಿದ್ದ ಊರುಗೋಲುಗಳ ಬಿಗಿ ಸಡಿಲವಾಗಿ, ಭಾರ ಹಾಕಿದಾಗಲೆಲ್ಲ ಒಳಕ್ಕೆ ಜಾರುತ್ತಿದ್ದವು. ಬಾಡಿಗೆ ಸಾಮಾನನ್ನು ಅಂಗಡಿಯಲ್ಲೇ ಪೂರ್ತಿ ಭಾರ ಹಾಕಿ ಪರೀಕ್ಷಿಸಿಕೊಳ್ಳಿ.

ಪರ್ವತಾರೋಹಣದ ರುಚಿ ನೋಡಬೇಕೆನ್ನುವವರಿಗೆ ಇಲ್ಲಿ ತೋರಿಸುವುದು 4,164 ಮೀಟರ್‌ನ ಬ್ರೈಟ್‌ಹಾರ್ನ್. ಕೇಬಲ್ ಕಾರ್ 3,883 ಮೀಟರ್‌ವರೆಗೆ ಬಿಡುವುದರಿಂದ, ಉಳಿಯುವ ಏರು ಮುನ್ನೂರು ಮೀಟರ್‌ಗೂ ಕಡಿಮೆ. ಇದನ್ನು ಆಲ್ಪ್ಸ್‌ನ ನಾಲ್ಕು ಸಾವಿರ ಮೀಟರ್ ಮೀರಿದ ಶಿಖರಗಳಲ್ಲಿ ಅತಿ ಸುಲಭದವುಗಳಲ್ಲಿ ಒಂದು ಎನ್ನುತ್ತಾರೆ. ಆ ಮಾತು ಸುಳ್ಳಲ್ಲವಾದರೂ ದಾರಿತಪ್ಪಿಸುವಂಥದ್ದು. ನಡೆಯುವುದು ಹಿಮನದಿಯ ಮೇಲೆ, ಹಿಮದಡಿ ಬಿರುಕುಗಳಿವೆ, ಹಗ್ಗ, ಕ್ರ್ಯಾಂಪಾನ್ (ಬೂಟಿಗೆ ಬಿಗಿಯುವ ಮುಳ್ಳುಪಟ್ಟಿ) ಮತ್ತು ಗೈಡ್ ಇಲ್ಲದೆ ಹೊರಡುವ ಜಾಗವಲ್ಲ. ಊರಿನಿಂದ ಒಂದು ಗಂಟೆಯೊಳಗೆ ಅಷ್ಟು ಎತ್ತರಕ್ಕೆ ತಲುಪಿದಾಗ ತಲೆ ಭಾರವಾಗುವುದು ಸಹಜ. ಮೂರು ನಾಲ್ಕು ದಿನ ಕೆಳಗಿನ ದಾರಿಗಳಲ್ಲಿ ಮೈ ಒಗ್ಗಿಸಿಕೊಂಡ ನಂತರ ಹೋದ ನನಗೂ ಕೊನೆಯ ಏರಿನಲ್ಲಿ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಯಿತು. ಮ್ಯಾಟರ್‌ಹಾರ್ನ್ ಏರುವುದೇ ಬೇರೆ ಮಾತು. ಗೈಡ್‌ನ ಸಂಭಾವನೆ ಸಾವಿರ ಫ್ರಾಂಕ್ ದಾಟುತ್ತದೆ, ಅದಕ್ಕೂ ಮೊದಲು ಚಿಕ್ಕ ಶಿಖರವೊಂದರಲ್ಲಿ ನಿಮ್ಮ ಕಾಲನ್ನು ಪರೀಕ್ಷಿಸಿ ನೋಡುತ್ತಾರೆ. ಈ ಎಚ್ಚರ ಏಕೆಂದು ತಿಳಿಯಲು ಊರಿನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1865ರ ಜುಲೈ 14ರಂದು ಇಂಗ್ಲೆಂಡಿನ ಆರೋಹಿ ಎಡ್ವರ್ಡ್ ವಿಂಪರ್ ಮತ್ತು ಸಂಗಡಿಗರು ಸೇರಿ ಏಳು ಮಂದಿ ಮೊದಲ ಬಾರಿ ಶಿಖರ ಮುಟ್ಟಿ, ಇಳಿಯುವಾಗ ನಾಲ್ವರು ಬಿದ್ದು ಸತ್ತರು. ಅಂದು ತುಂಡಾದ ಹಗ್ಗ ಅಲ್ಲಿನ ಗಾಜಿನ ಪೆಟ್ಟಿಗೆಯಲ್ಲಿದೆ.

ಖರ್ಚಿನ ವಿಷಯದಲ್ಲಿ ಈ ಊರು ಕರುಣೆ ತೋರುವುದಿಲ್ಲ. ಬೇಸಿಗೆಯ ದಟ್ಟಣೆಯಲ್ಲಿ ಗೋರ್ನರ್‌ಗ್ರಾಟ್‌ಗೆ ಹೋಗಿಬರುವ ಪೂರ್ಣ ದರ ನೂರು ಫ್ರಾಂಕ್ ಮೀರುತ್ತದೆ. ಸ್ವಿಸ್ ಟ್ರಾವೆಲ್ ಪಾಸ್ ಅಥವಾ ಹಾಫ್ ಫೇರ್ ಕಾರ್ಡ್ ಇದ್ದವರಿಗೆ ಅರ್ಧ ದರ. ಕಣಿವೆಯ ಕೆಳಗಿನ ರಾಂಡಾದ 494 ಮೀಟರ್ ಉದ್ದದ ತೂಗುಸೇತುವೆಗೆ ರೈಲು ದರ ಬಿಟ್ಟರೆ ಬೇರೆ ಶುಲ್ಕವಿಲ್ಲ, ಆದರೆ ಎರಡು ಗಂಟೆಯ ಕಡಿದಾದ ಏರಿದೆ. ಹ್ಯೋರ್ನ್ಲಿ ಹಟ್‌ಗೆ ಹೋಗುವವರು ಜುಲೈಯಿಂದ ಸೆಪ್ಟೆಂಬರ್ ನಡುವೆ ಬರಬೇಕು. ಲಾರ್ಚ್ ಮರಗಳು ಹೊಂಬಣ್ಣಕ್ಕೆ ತಿರುಗುವುದನ್ನು ನೋಡಬೇಕೆನ್ನುವವರು ಅಕ್ಟೋಬರ್‌ವರೆಗೆ ಕಾಯಬೇಕು. ಮೊಬೈಲ್‌ನಲ್ಲಿ 144 ಎಂಬ ತುರ್ತು ಸಂಖ್ಯೆಯನ್ನು ಉಳಿಸಿಕೊಂಡಿರಿ. ಸಿಗ್ನಲ್ ಇಲ್ಲದ ಕಡೆ ನಿಮಿಷಕ್ಕೆ ಆರು ಬಾರಿ ಸಿಳ್ಳೆ ಹಾಕುವುದು ಅಥವಾ ದೀಪ ಮಿಟುಕಿಸುವುದು ಆಲ್ಪ್ಸ್‌ನಲ್ಲಿ ನೆರವು ಕೇಳುವ ಸಂಕೇತ, ಮೂರು ಬಾರಿ ಮಿಟುಕಿದರೆ ನಿಮ್ಮ ಕರೆ ಯಾರಿಗೋ ತಲುಪಿದೆ ಎಂದರ್ಥ.